ಸೌದೆ ಒಟ್ಟಲಿನ ಕೊಳಕುಮಂಡಲ

ಹೆಸರು, ಊರು ಹಾಕಬೇಡಿ ಎಂದು ಕೇಳಿಕೊಂಡು ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಊರಿನಿಂದ ದೂರದ ತೋಟದ ಮನೆ. ಗಂಡ, ಮಾವ, ಐದು ವರ್ಷದ ಮಗಳು. ಹೋದ ತಿಂಗಳು ಹಿತ್ತಲಿನ ಸೌದೆ ಒಟ್ಟಲಿನಿಂದ ದಪ್ಪನೆಯ ಕೊಳಕುಮಂಡಲವೊಂದು ಹೊರಬಂದು ಬಚ್ಚಲ ಗೋಡೆಗೆ ಒತ್ತಿಕೊಂಡು ಮಲಗಿತ್ತು. ಮಾವ ಗುದ್ದಲಿಯ ಕಾವಿನಲ್ಲಿ ಹೊಡೆದರು. ನಾಲ್ಕನೇ ಏಟಿಗೆ ಹೊಟ್ಟೆ ಒಡೆದು ಮರಿಗಳು ಹೊರಗೆ ಬಂದವು. ಸತ್ತ ಹಾವನ್ನು ಸಂಜೆಯವರೆಗೂ ಬೇಲಿಯ ಮೇಲೆ ಹಾಕಿದ್ದರು. ಮಗಳು ಕಡ್ಡಿಯಿಂದ ಅದರ ಬಾಯಿ ಬಿಡಿಸಿ ನೋಡುತ್ತಿದ್ದಳಂತೆ. ಅವತ್ತಿನಿಂದ ಇವರಿಗೆ ನಿದ್ದೆಯಿಲ್ಲ. “ಹಾವು ರೈತನ ಮಿತ್ರ, ಕೊಲ್ಲಬೇಡಿ ಅಂತ ನಿಮ್ಮ ಪತ್ರಿಕೆಯಲ್ಲಿ ಬರೆಯುತ್ತೀರಿ. ಬರೆಯುವವರ ಮನೆ ಮೂರನೇ ಮಹಡಿಯಲ್ಲಿರುತ್ತದೆ” ಎಂದು ಚುಚ್ಚಿ ಮೂರು ಪ್ರಶ್ನೆ ಕೇಳಿದ್ದಾರೆ: ಮಾವ ಮಾಡಿದ್ದು ತಪ್ಪೇ? ಜೋಡಿ ಹುಡುಕಿಕೊಂಡು ಬರುತ್ತದೆಯೇ? ಇನ್ನೊಂದು ಬಂದರೆ ಹೊಡೆಯಬೇಕೋ ಬಿಡಬೇಕೋ?

ನಮಸ್ಕಾರ ತಾಯಿ.

ನನ್ನ ಮನೆ ಮೂರನೇ ಮಹಡಿಯಲ್ಲಲ್ಲ, ಎರಡನೆಯದರಲ್ಲಿ. ಅಷ್ಟು ಬಿಟ್ಟರೆ ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ. ಹಾವು ಇಲಿ ತಿನ್ನುತ್ತದೆ, ಬೆಳೆ ಉಳಿಸುತ್ತದೆ ಎಂಬುದೆಲ್ಲ ನಿಜವೇ. ಆದರೆ ಮಗು ಆಡುವ ಅಂಗಳದಲ್ಲಿ ಕೊಳಕುಮಂಡಲ ಮಲಗಿರುವಾಗ ಆ ಮಾತು ಯಾವ ತಾಯಿಯ ಕಿವಿಗೂ ಇಳಿಯುವುದಿಲ್ಲ, ಇಳಿಯಬೇಕಾಗಿಯೂ ಇಲ್ಲ. ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ವರ್ಷಕ್ಕೆ ಸರಾಸರಿ 58,000. ಅದರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಹದಿನೈದು ತುಂಬದ ಮಕ್ಕಳು. ಬಹುಪಾಲು ಹಳ್ಳಿಯವರು, ಸುಮಾರು ಅರ್ಧದಷ್ಟು ಸಾವು ಮಳೆಗಾಲದ ನಾಲ್ಕು ತಿಂಗಳಲ್ಲಿ. ನಿಮ್ಮ ಭಯಕ್ಕೆ ಇಷ್ಟು ದೊಡ್ಡ ಆಧಾರವಿರುವಾಗ ಭಯಪಡಬೇಡಿ ಎನ್ನಲು ನಾನ್ಯಾರು?

ಹಾಗಾಗಿ ಹಾವಿನ ಪರ ವಕಾಲತ್ತು ಬೇಡ. ನಿಮ್ಮ ಮಗಳು, ಮಾವನವರ ಜೀವ ಇಷ್ಟನ್ನೇ ಮುಂದಿಟ್ಟುಕೊಂಡು ಯೋಚಿಸೋಣ. ಹಾಗೆ ಯೋಚಿಸಿದರೂ ನಾನು ಹೊಡೆಯಬೇಡಿ ಎಂದೇ ಹೇಳುತ್ತೇನೆ.

ಗುದ್ದಲಿಯ ಕಾವು ಎಷ್ಟುದ್ದ ಇದ್ದೀತು? ಮೂರಡಿ. ಅದರಿಂದ ಹೊಡೆಯಲು ಮಾವನವರು ಹಾವಿನ ಹತ್ತಿರ ಹೋಗಲೇಬೇಕು, ಬಗ್ಗಲೇಬೇಕು. ಕೊಳಕುಮಂಡಲ ಮಲಗಿದ್ದಾಗ ಯಾರೋ ಬಿಸಾಡಿದ ಹಗ್ಗದ ಸುರುಳಿಯಂತೆ ಕಾಣುತ್ತದೆ. ಹೆಬ್ಬಾವಿನ ಮರಿ ಎಂದುಕೊಂಡು ಕೈಹಾಕಿದವರೂ ಇದ್ದಾರೆ. ರೇಗಿತೆಂದರೆ ಕುಕ್ಕರಿನ ಹಬೆ ಬಿಟ್ಟಂಥ ಸದ್ದು. ಆಮೇಲೆ ಎಗರುವುದು ಕಣ್ಣಿಗೆ ಕಾಣುವುದೇ ಇಲ್ಲ. ಮಾವನವರಿಗೆ ನಾಲ್ಕು ಏಟು ಬೇಕಾಯಿತು ಎಂದು ನೀವೇ ಬರೆದಿದ್ದೀರಿ. ಅಂದರೆ ಪೆಟ್ಟು ತಿಂದು ಇನ್ನೂ ಬದುಕಿದ್ದ ಹಾವಿನ ಮುಂದೆ ಅವರು ಮೂರು ಸಲ ನಿಂತಿದ್ದರು. ಸುಮ್ಮನೆ ಮಲಗಿದ್ದಾಗ ಅಪಾಯವೂ ಬಚ್ಚಲ ಗೋಡೆಯ ಬುಡದಲ್ಲೇ ಮಲಗಿತ್ತು. ಕಾವು ಎತ್ತಿದ ಮೇಲೆ ಅದು ಅವರ ಕಾಲಬುಡಕ್ಕೆ ಬಂತು. ಹಾವು ಹೊಡೆಯಲು, ಹಿಡಿಯಲು ಹೋಗಿ ಕಚ್ಚಿಸಿಕೊಂಡವರು ಎಲ್ಲ ಆಸ್ಪತ್ರೆಗಳಿಗೂ ಗೊತ್ತು.

ನಿಮ್ಮ ಕಾಗದದಲ್ಲಿ ನನ್ನನ್ನು ನಡುಗಿಸಿದ ಸಾಲು ಇದಲ್ಲ, ಬೇಲಿಯದ್ದು. ಆಗತಾನೇ ಸತ್ತ ಹಾವಿನ ತಲೆ, ಕತ್ತರಿಸಿ ಬೇರೆ ಮಾಡಿದ್ದರೂ, ಸ್ವಲ್ಪ ಹೊತ್ತಿನವರೆಗೆ ತಾನಾಗಿ ಕಚ್ಚಬಲ್ಲದು. ವಿಷದ ಚೀಲ ತುಂಬಿಯೇ ಇರುತ್ತದೆ. ಮರಿಗಳ ವಿಷಯವೂ ಹಾಗೆಯೇ. ಕೊಳಕುಮಂಡಲ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಒಂದೇ ಸೂಲಿಗೆ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ಇನ್ನೂ ಹೆಚ್ಚು. ಹುಟ್ಟಿದ ಗಳಿಗೆಯಿಂದಲೇ ಅವಕ್ಕೆ ಹಲ್ಲೂ ಇದೆ, ವಿಷವೂ ಇದೆ. ದಿನ ತುಂಬಿದ ತಾಯಿಯ ಹೊಟ್ಟೆ ಒಡೆದರೆ ಜೀವವಿರುವ ಮರಿ ಹೊರಬರಬಹುದು. ಬದುಕಿದ್ದ ಹಾವಿನ ಹತ್ತಿರ ನಿಮ್ಮ ಮಗಳು ಒಂದು ಕ್ಷಣವೂ ಹೋಗಿರಲಿಲ್ಲ; ಸತ್ತ ಹಾವಿನ ಹತ್ತಿರ ಇಡೀ ಮಧ್ಯಾಹ್ನ ಕಳೆದಳು. ಮನೆಯಲ್ಲಿ ಯಾರನ್ನಾದರೂ ಗದರುವುದಿದ್ದರೆ ಇದಕ್ಕೆ ಗದರಿ.

ಜೋಡಿ ಬರುವುದಿಲ್ಲ. ಹಾವುಗಳು ಸಂಸಾರ ಕಟ್ಟಿಕೊಂಡು ಬಾಳುವ ಪ್ರಾಣಿಗಳಲ್ಲ. ಮಿಲನದ ಕಾಲ ಮುಗಿದರೆ ಗಂಡಿನ ದಾರಿ ಗಂಡಿಗೆ, ಹೆಣ್ಣಿನ ದಾರಿ ಹೆಣ್ಣಿಗೆ. ಹೊಡೆದವರ ಮುಖ ನೆನಪಿಟ್ಟು ಸೇಡು ತೀರಿಸುವುದು ಸಿನಿಮಾದ ಹಾವು ಮಾತ್ರ. ಒಂದನ್ನು ಕೊಂದ ಮೇಲೆ ಅದೇ ಜಾಗಕ್ಕೆ ಇನ್ನೊಂದು ಬರುವುದು ಉಂಟು, ಆದರೆ ಅದಕ್ಕೆ ಕಾರಣ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನನ್ನದೊಂದು ಕಥೆ. ನನಗಾಗ ಹನ್ನೆರಡು ವರ್ಷ. ಹೆಂಚಿನ ಮನೆ, ಕರೆಂಟು ಹೋಗಿತ್ತು. ಬಚ್ಚಲ ಗೋಡೆಯ ಮೇಲೆ ಕಪ್ಪು ಮೈಗೆ ಬಿಳಿ ಪಟ್ಟೆಯ ಹಾವು. “ಕಟ್ಟುಹಾವು, ಟಾರ್ಚ್ ಬಿಡು” ಎಂದು ಚಿಕ್ಕಪ್ಪ ಕೂಗಿದರು. ಬಿಟ್ಟೆ. ಸೌದೆ ಸೀಳಿನಿಂದ ಹೊಡೆದರು, ಒಂದೇ ಏಟು. ವಾರಗಟ್ಟಲೆ ಶಾಲೆಯಲ್ಲಿ ನಾನು ಹೀರೋ. ಎಷ್ಟೋ ವರ್ಷದ ಮೇಲೆ, ಇದೇ ಪತ್ರಿಕೆಗೆ ಬಂದ ಹಾವಿನ ಲೇಖನದ ಚಿತ್ರಗಳನ್ನು ಜೋಡಿಸುತ್ತ ಕೂತಾಗ ಆ ಗೋಡೆ ಕಣ್ಣಮುಂದೆ ಬಂತು. ಕಟ್ಟುಹಾವಿನ ಬಿಳಿ ಗೆರೆಗಳು ಕತ್ತಿನ ಹತ್ತಿರ ಮಸುಕು, ಬಾಲದ ಕಡೆಗೆ ಹೋದಂತೆ ಸ್ಪಷ್ಟ. ನಾವು ಕೊಂದದ್ದರ ಪಟ್ಟೆ ಕತ್ತಿನಲ್ಲೇ ಅಗಲವಾಗಿದ್ದು ಬಾಲಕ್ಕೆ ಹೋಗುವಷ್ಟರಲ್ಲಿ ಅಳಿಸಿಹೋಗಿತ್ತು. ಅದು ತೋಳದ ಹಾವು. ಹಲ್ಲಿ ತಿನ್ನಲು ಗೋಡೆ ಹತ್ತುವ, ವಿಷವೇ ಇಲ್ಲದ ಬಡಪಾಯಿ.

ಹಾಗೆಂದು ಹತ್ತಿರ ಹೋಗಿ ಪಟ್ಟೆ ನೋಡಿ ತೀರ್ಮಾನಿಸಿ ಎಂದು ಖಂಡಿತ ಹೇಳುತ್ತಿಲ್ಲ. ಕರೆಂಟಿಲ್ಲದ ರಾತ್ರಿಯಲ್ಲಿ ಪಂಡಿತರೂ ಎಡವುತ್ತಾರೆ. ಗೊತ್ತಿಲ್ಲದ ಹಾವನ್ನು ವಿಷದ್ದೆಂದೇ ತಿಳಿದು ದೂರವಿರಿ. ಆ ದೂರವೇ ನಿಮ್ಮನ್ನೂ ಕಾಯುತ್ತದೆ, ಕೇರೆ, ನೀರುಹಾವು, ತೋಳದ ಹಾವನ್ನೂ ಕಾಯುತ್ತದೆ.

ಮಾವ ಮಾಡಿದ್ದು ತಪ್ಪೇ ಎಂದಿರಿ. ಕಾನೂನಿನ ಪ್ರಕಾರ ಹೇಳುವುದಾದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹಾವು ಕೊಲ್ಲುವುದು ಅಪರಾಧ. 2022ರ ತಿದ್ದುಪಡಿಯ ನಂತರ ಕೊಳಕುಮಂಡಲ, ನಾಗರಹಾವು ಎರಡೂ ಹುಲಿ ಇರುವ ಮೊದಲನೇ ಅನುಸೂಚಿಯಲ್ಲಿವೆ. ಆದರೆ ಅದೇ ಕಾಯ್ದೆಯ 11ನೇ ಕಲಂ, ತನ್ನ ಅಥವಾ ಇನ್ನೊಬ್ಬರ ಜೀವ ಉಳಿಸಲು ಸದುದ್ದೇಶದಿಂದ ಕೊಂದರೆ ಅಪರಾಧವಲ್ಲ ಎನ್ನುತ್ತದೆ. ಮಗು ಮಲಗಿರುವ ಕೋಣೆಯಲ್ಲಿ ಹಾವು, ಮಗುವನ್ನು ಎತ್ತಿಕೊಳ್ಳಲು ದಾರಿಯಿಲ್ಲ, ಕರೆದರೆ ಬರುವವರಿಲ್ಲ ಎಂಬ ಸ್ಥಿತಿ ಬಂದರೆ ಕಾಯ್ದೆಯೂ ನಿಮ್ಮನ್ನು ಹಿಡಿಯುವುದಿಲ್ಲ, ನಾನಂತೂ ಹಿಡಿಯುವುದಿಲ್ಲ. ನಿಮ್ಮ ಹಿತ್ತಲಿನಲ್ಲಿ ಅವತ್ತು ಅಂಥ ಸ್ಥಿತಿ ಇರಲಿಲ್ಲ. ಹಾಗಿದ್ದೂ ಮಾವನವರನ್ನು ಕಟಕಟೆಗೆ ಹತ್ತಿಸುವ ಮನಸ್ಸಿಲ್ಲ. ಮೊಮ್ಮಗಳಿಗೆ ಅಡ್ಡ ನಿಂತ ಅಜ್ಜ ಅವರು. ಮುಂದಿನ ಸಲ ಅಡ್ಡ ನಿಲ್ಲುವ ರೀತಿ ಬೇರೆಯಾಗಲಿ, ಅಷ್ಟೇ.

ಹಾವು ಹೊರಗಿದ್ದರೆ ಮಗುವನ್ನೂ ನಾಯಿಯನ್ನೂ ಒಳಗೆ ಹಾಕಿ ಬಾಗಿಲು ಮುಚ್ಚಿ. ಒಬ್ಬರು ದೂರದಿಂದ, ಹತ್ತು ಹೆಜ್ಜೆಗೆ ಕಡಿಮೆಯಿಲ್ಲದಂತೆ, ಅದರ ಮೇಲೆ ಕಣ್ಣಿಡಿ. ದಾರಿ ಸಿಕ್ಕರೆ ಅದು ಹೋಗುತ್ತದೆ. ಒಳಗೆ ಬಂದಿದ್ದರೆ ಆ ಕೋಣೆಯಿಂದ ಎಲ್ಲರೂ ಹೊರಬಂದು, ಬಾಗಿಲ ಸಂದಿಗೆ ಹೊರಗಿನಿಂದ ಗೋಣಿ ಒತ್ತಿ, ಹಾವು ಹಿಡಿಯುವವರಿಗೋ ಅರಣ್ಯ ಇಲಾಖೆಗೋ ಫೋನ್ ಮಾಡಿ. ಹಿಡಿಯುವವರ ನಂಬರನ್ನು ಇವತ್ತೇ ವಿಚಾರಿಸಿ ಬಾಗಿಲ ಹಿಂದೆ ಬರೆದಿಡಿ. ಹಾವು ಕಂಡ ಮೇಲೆ ನಂಬರ್ ಹುಡುಕಲು ಹೊರಟವರೇ ಕಡೆಗೆ ಕೋಲು ಹುಡುಕುವುದು. ಬಂದವರು ಹಾವಿನ ಜೊತೆ ಫೋಟೋ, ವಿಡಿಯೋ, ಹೆಡೆಗೆ ಮುತ್ತು ಎಂದು ಶುರುಮಾಡಿದರೆ ಮುಂದಿನ ಸಲ ಬೇರೆಯವರನ್ನು ಕರೆಯಿರಿ. ಆ ಚಟದಿಂದ ಸತ್ತವರ ಸುದ್ದಿ ಅಚ್ಚು ಹಾಕಿ ಹಾಕಿ ನನಗೆ ಸಾಕಾಗಿದೆ.

ಇನ್ನು ಒಂದರ ಜಾಗಕ್ಕೆ ಇನ್ನೊಂದು ಬರುವ ವಿಷಯ. ನಿಮ್ಮ ಕಾಗದದ ಮೂರನೇ ಪುಟದಲ್ಲಿ, ಬೇರೇನೋ ಹೇಳುತ್ತ, ಭತ್ತದ ಚೀಲಕ್ಕೆ ಇಲಿ ತೂತು ಹಾಕಿದ್ದನ್ನು ಬರೆದಿದ್ದೀರಿ. ಉತ್ತರ ಅಲ್ಲೇ ಇದೆ. ಚೀಲದ ಭತ್ತಕ್ಕೆ ಇಲಿ, ಇಲಿಗೆ ಹಾವು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರುವ ಹಾಗೆ ಇಲಿ ತೋಡಿದ ಬಿಲಕ್ಕೂ ಅದೇ ಬಾಡಿಗೆದಾರ. ಹಾವನ್ನು ಕೊಂದರೂ ಸರಿ, ಹಿಡಿಸಿ ದೂರದ ಕಾಡಿಗೆ ಬಿಡಿಸಿದರೂ ಸರಿ, ಊಟ ವಸತಿ ಎರಡೂ ಹಾಗೇ ಇದ್ದರೆ ಜಾಗ ಖಾಲಿ ಉಳಿಯುವುದಿಲ್ಲ. ಭತ್ತವನ್ನು ತಗಡಿನ ಡ್ರಮ್ಮಿಗೆ ಹಾಕಿ. ಕೋಳಿಗೂಡು ಮನೆಗೆ ತಾಗಿದ್ದರೆ ದೂರ ಸರಿಸಿ, ಚೆಲ್ಲಿದ ಕಾಳನ್ನು ಸಂಜೆಯೇ ಗುಡಿಸಿ. ಬಚ್ಚಲ ನೀರಿನ ಕಿಂಡಿಗೆ ಜಾಲರಿ ಬಡಿಯಿರಿ, ಹೊಸ್ತಿಲ ಕೆಳಗಿನ ಸಂದು ಮುಚ್ಚಿ. ಬೆಳ್ಳುಳ್ಳಿ ಜಜ್ಜಿ ಹಾಕುವುದು, ಫಿನೈಲ್ ಗೆರೆ ಎಳೆಯುವುದು ದುಡ್ಡು ದಂಡ. ಹಾವು ಆ ಗೆರೆಯನ್ನು ದಾಟಿಕೊಂಡೇ ಬರುತ್ತದೆ.

ನಿಮಗೆ ಕೊಳಕುಮಂಡಲದ ಚಿಂತೆ, ನನಗೆ ನಿಮ್ಮ ಕಾಗದ ಓದಿ ಕಟ್ಟುಹಾವಿನ ಚಿಂತೆ ಹತ್ತಿತು. ಸೆಖೆಯೆಂದು ಮಗಳನ್ನು ಪಡಸಾಲೆಯ ನೆಲದ ಮೇಲೆ ಮಲಗಿಸುತ್ತೇವೆ ಎಂದಿದ್ದೀರಿ. ಕಟ್ಟುಹಾವು ಓಡಾಡುವುದೇ ರಾತ್ರಿ. ಮಲಗಿದವರ ಹಾಸಿಗೆಗೆ ಬಂದು, ಮಗ್ಗುಲು ಬದಲಿಸಿದಾಗ ಕಚ್ಚುತ್ತದೆ. ನೋವಿಲ್ಲ, ಊತವಿಲ್ಲ, ಎಷ್ಟೋ ಸಲ ಗುರುತೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ರೆಪ್ಪೆ ಎತ್ತಲಾಗದ ಮಂಪರು, ನುಂಗಲು ಕಷ್ಟ. ಗ್ಯಾಸ್ಟ್ರಿಕ್ ಎಂದುಕೊಂಡು ಹೊತ್ತು ಕಳೆದುಬಿಡುತ್ತಾರೆ. ಈ ಹಾವಿನ ಕೈಯಿಂದ ತಪ್ಪಿಸಲು ಕೋಲು ಬೇಡ, ಸೊಳ್ಳೆಪರದೆ ಸಾಕು. ಮಂಚದ ಮೇಲೆ ಮಲಗಿಸಿ, ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸಿ. ಮಂಚವಿಲ್ಲದಿದ್ದರೆ ನೆಲದ ಮೇಲೆಯೇ ಆಗಲಿ, ಪರದೆ ಮಾತ್ರ ತಪ್ಪಿಸಬೇಡಿ.

ಕಚ್ಚಿದರೆ ಏನು ಎಂದು ನೀವು ಕೇಳಿಲ್ಲ, ಆದರೂ ಹೇಳದೆ ಇರಲಾರೆ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಕಾಲ್ಗೆಜ್ಜೆ, ಬಳೆ ಬಿಚ್ಚಿ, ಕಚ್ಚಿದ ಕೈಕಾಲು ಅಲುಗದಂತೆ ದಬ್ಬೆ ಕಟ್ಟಿ, ನಡೆಸದೆ ಎತ್ತಿಕೊಂಡು ಹೊರಡಿ. 108ಕ್ಕೆ ಕಾಯುವಷ್ಟು ಹೊತ್ತಿಲ್ಲದಿದ್ದರೆ ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೋಗಿ. ಹಾವನ್ನು ಕೊಂದು ಡಾಕ್ಟರಿಗೆ ತೋರಿಸುವ ಅಗತ್ಯವಿಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಇಲ್ಲಿ ಕೊಡುವುದು ಒಂದೇ ಪ್ರತಿವಿಷ. ಮಗುವಿಗೂ ದೊಡ್ಡವರಷ್ಟೇ ಡೋಸ್ ಕೊಡುತ್ತಾರೆ, ಗಾಬರಿಯಾಗಬೇಡಿ. ಮಗು ಚಿಕ್ಕದೆಂದು ಹಾವು ವಿಷ ಕಡಿಮೆ ಬಿಟ್ಟಿರುವುದಿಲ್ಲ. ಅಂದಹಾಗೆ ಆ ಔಷಧಿಗೆ ಬೇಕಾದ ವಿಷ ಸಿಗುವುದು ಜೀವಂತ ಹಾವುಗಳಿಂದ. ತಮಿಳುನಾಡಿನ ಇರುಳ ಬುಡಕಟ್ಟಿನವರು 1978ರಲ್ಲಿ ಕಟ್ಟಿಕೊಂಡ ಸಹಕಾರ ಸಂಘ ಹಾವು ಹಿಡಿದು, ವಿಷ ತೆಗೆದು, ವಾಪಸ್ ಬಿಡುತ್ತ ಬಂದಿದೆ. ನಮ್ಮ ರಾಜ್ಯದಲ್ಲಿ 2024ರಿಂದ ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಹಾಗಾಗಿ ನಿಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ, ಪ್ರತಿವಿಷ ದಾಸ್ತಾನಿದೆಯೇ, ರಾತ್ರಿ ಡಾಕ್ಟರ್ ಇರುತ್ತಾರೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಇಲ್ಲ ಎಂದರೆ ಎಲ್ಲಿ ಇದೆ ಎಂದು ತಿಳಿದುಕೊಂಡು ಬನ್ನಿ. ಅದಕ್ಕೆ ಹಾವು ಬರುವವರೆಗೆ ಕಾಯಬೇಡಿ.

ಕಡೆಗೆ ಆ ಸೌದೆ ಒಟ್ಟಲು. ಅವತ್ತಿನಿಂದ ಅದನ್ನು ಮುಟ್ಟಲು ಯಾರಿಗೂ ಧೈರ್ಯವಿಲ್ಲ, ಗ್ಯಾಸಿನಲ್ಲೇ ನೀರು ಕಾಯಿಸುತ್ತಿದ್ದೇವೆ ಎಂದು ಬರೆದಿದ್ದೀರಿ. ಮುಟ್ಟದೆ ಬಿಟ್ಟರೆ ಅದು ಇನ್ನಷ್ಟು ಒಳ್ಳೆಯ ಅಡಗುತಾಣವಾಗುತ್ತದೆ. ಮಗಳನ್ನು ಶಾಲೆಗೆ ಕಳಿಸಿದ ಮೇಲೆ, ಹತ್ತು ಗಂಟೆಯ ಬಿಸಿಲಿನಲ್ಲಿ, ಇಬ್ಬರು ಸೇರಿ ಬಿಚ್ಚಿ. ಕಾಲಿಗೆ ಗಮ್‌ಬೂಟ್ ಇರಲಿ. ಮೊದಲು ಉದ್ದನೆಯ ದೋಟಿಯಿಂದ ಒಟ್ಟಲನ್ನು ಚೆನ್ನಾಗಿ ಬಡಿದು ಅರ್ಧ ಗಂಟೆ ಬಿಟ್ಟುಬಿಡಿ; ಒಳಗೆ ಏನಿದ್ದರೂ ಜಾರಿಕೊಳ್ಳಲು ತೋಟದ ಕಡೆ ಖಾಲಿ ಇರಲಿ. ಆಮೇಲೆ ಮೇಲಿನಿಂದ ಒಂದೊಂದೇ ತುಂಡನ್ನು ದೋಟಿಯ ಕೊಕ್ಕೆಯಿಂದ ಎಳೆದು ಬೀಳಿಸಿ. ಸಂದಿಗೆ ಕೈ ತೂರಿಸಬೇಡಿ. ಮರಿ ಕಂಡರೆ ಅಲ್ಲಿಗೇ ನಿಲ್ಲಿಸಿ, ಬಾಗಿಲ ಹಿಂದಿನ ನಂಬರಿಗೆ ಫೋನ್ ಮಾಡಿ. ಹೊಸ ಒಟ್ಟಲನ್ನು ಗೋಡೆಯಿಂದ ದೂರ, ಎರಡು ಅಡ್ಡ ಕಲ್ಲಿನ ಮೇಲೆ, ನೆಲದಿಂದ ಒಂದಡಿ ಎತ್ತರಕ್ಕೆ ಹಾಕಿ, ಕೆಳಗೆ ಬೆಳಕು ಕಾಣುವಂತೆ. ದೋಟಿ ಹಿಡಿಯುವ ಕೆಲಸ ಮಾವನವರಿಗೇ ಕೊಡಿ. ಗುದ್ದಲಿಯ ಕಾವಿಗಿಂತ ಅದು ಉದ್ದವಿದೆ.