ವಿಮರ್ಶಕರು ನೋಡಿದ್ದು ಯಾವ ಸಿನಿಮಾ?

ಪತ್ರದ ಸಾರ: ಹನ್ನೆರಡನೇ ಶತಮಾನದ ಕ್ರುಸೇಡ್ ಯುದ್ಧಗಳ ಕಾಲದ ಜೆರುಸಲೇಂ ಕಥೆ ಹೇಳುವ ‘ಕಿಂಗ್‌ಡಮ್ ಆಫ್ ಹೆವನ್’ ಚಿತ್ರವನ್ನು ಮೊನ್ನೆ ನೋಡಿದೆ. ಸಿಬಿಲಾ ತನ್ನ ಮಗನಿಗೆ ತಾನೇ ವಿಷ ಹಾಕುವ ದೃಶ್ಯ ಕಣ್ಣಿಗೆ ಕಟ್ಟಿದಂತಿದೆ. ಆದರೆ 2005ರ ವಿಮರ್ಶೆಗಳನ್ನು ಹುಡುಕಿ ಓದಿದರೆ ಆ ಹುಡುಗನ ಹೆಸರೇ ಇಲ್ಲ! ವಿಮರ್ಶಕರು ನಿದ್ದೆ ಹೊಡೆದರೇ? ವಿಮರ್ಶೆಗಳನ್ನು ಒಟ್ಟುಗೂಡಿಸುವ ಜಾಲತಾಣ ರಾಟನ್ ಟೊಮ್ಯಾಟೋಸ್‌ನಲ್ಲಿ ಅವರ ಅಂಕ ಶೇ 40ರ ಆಸುಪಾಸು, ಪ್ರೇಕ್ಷಕರದು 70ರ ಮೇಲೆ. ಇತಿಹಾಸ ಬಲ್ಲವರಂತೂ ಕಥೆಯೇ ಸುಳ್ಳು ಎನ್ನುತ್ತಾರೆ. ಯಾರ ಮಾತು ನಂಬಲಿ?

ಉತ್ತರ: ನಿದ್ದೆ ಹೊಡೆಯಲಿಲ್ಲ. ಅವರ ಮುಂದೆ ಓಡಿದ ಸಿನಿಮಾದಲ್ಲಿ ಆ ಹುಡುಗನ ಕಥೆಯೇ ಇರಲಿಲ್ಲ. 2005ರ ಮೇ ತಿಂಗಳಲ್ಲಿ ತೆರೆಕಂಡದ್ದು 144 ನಿಮಿಷದ ಪ್ರತಿ. ನೀವು ನೋಡಿರುವುದು ನಿರ್ದೇಶಕ ರಿಡ್ಲಿ ಸ್ಕಾಟ್ ಅವರ ದೀರ್ಘ ಆವೃತ್ತಿ. ಪೂರ್ವಸಂಗೀತ, ಮಧ್ಯಂತರ ಸೇರಿದರೆ 194 ನಿಮಿಷ, ಬಿಟ್ಟರೆ 190ರ ಆಸುಪಾಸು. ಅದು 2005ರ ಡಿಸೆಂಬರಿನಲ್ಲಿ ಲಾಸ್ ಏಂಜಲೀಸಿನ ಒಂದೇ ಒಂದು ಚಿತ್ರಮಂದಿರದಲ್ಲಿ ಸದ್ದಿಲ್ಲದೆ ಬಂದುಹೋಯಿತು. ಡಿವಿಡಿಯಾಗಿ ಜನರ ಕೈಸೇರಿದ್ದು 2006ರಲ್ಲಿ. ಅಷ್ಟರಲ್ಲಿ ವಿಮರ್ಶೆಗಳೆಲ್ಲ ಅಚ್ಚಾಗಿ ವರ್ಷವಾಗಿತ್ತು.

ಕತ್ತರಿ ಯಾಕೆ ಬಿತ್ತು ಎಂಬುದಕ್ಕೆ ಕಲೆಯ ಕಾರಣ ಹುಡುಕುವುದಕ್ಕಿಂತ ಪ್ರದರ್ಶನಗಳ ಲೆಕ್ಕ ಹಾಕಿ ನೋಡಿ. ಒಂದು ಆಟಕ್ಕೂ ಇನ್ನೊಂದಕ್ಕೂ ನಡುವೆ ಕಸ ಗುಡಿಸುವುದಕ್ಕೆ, ಜಾಹೀರಾತಿಗೆ ಅರ್ಧ ಗಂಟೆ ಇಟ್ಟುಕೊಂಡರೂ 144 ನಿಮಿಷದ ಚಿತ್ರವನ್ನು 12 ಗಂಟೆಯಲ್ಲಿ ನಾಲ್ಕು ಬಾರಿ ಓಡಿಸಬಹುದು. 194 ನಿಮಿಷದ್ದಾದರೆ ಮೂರೇ ಆಟ. ಸುಮಾರು 13 ಕೋಟಿ ಡಾಲರ್ ಸುರಿದ ಸ್ಟುಡಿಯೋಗೆ ದಿನಕ್ಕೊಂದು ಆಟ ಕಳೆದುಕೊಳ್ಳುವ ಧೈರ್ಯ ಬರುವುದಿಲ್ಲ. ಇಷ್ಟು ಮಾಡಿಯೂ ಅಮೆರಿಕದಲ್ಲಿ ಗಳಿಕೆ 5 ಕೋಟಿ ಡಾಲರನ್ನೂ ಮುಟ್ಟಲಿಲ್ಲ. ಒಟ್ಟು 21 ಕೋಟಿ ದಾಟಿದ್ದು ಹೊರದೇಶಗಳ ದೆಸೆಯಿಂದ.

ಈಗ ಆ ಹುಡುಗನ ವಿಚಾರಕ್ಕೆ ಬರೋಣ. ಕುಷ್ಠದಿಂದ ತೀರಿಕೊಂಡ ರಾಜ ನಾಲ್ಕನೇ ಬಾಲ್ಡ್ವಿನ್‌ನ ನಂತರ ಅವನ ಅಕ್ಕ ಸಿಬಿಲಾಳ ಮಗ ಪಟ್ಟಕ್ಕೆ ಬರುತ್ತಾನೆ. ಪತ್ರಕ್ಕೆ ಮೊಹರು ಒತ್ತುವಾಗ ಬಿಸಿ ಅರಗು ಅವನ ಕೈಮೇಲೆ ತೊಟ್ಟಿಕ್ಕುತ್ತದೆ. ಹುಡುಗ ಕೈ ಎಳೆದುಕೊಳ್ಳುವುದಿಲ್ಲ, ಮುಖವೂ ಕದಲುವುದಿಲ್ಲ. ಮಗನಿಗೂ ಕುಷ್ಠ ತಗುಲಿದೆ ಎಂದು ತಾಯಿಗೆ ಗೊತ್ತಾಗಿಬಿಡುತ್ತದೆ. ಇದು ಚಿತ್ರಕಥೆಗಾರ ವಿಲಿಯಂ ಮೊನಹನ್ ಸುಮ್ಮನೆ ಹೊಸೆದದ್ದಲ್ಲ. ನಾಲ್ಕನೇ ಬಾಲ್ಡ್ವಿನ್‌ನ ಗುರುವಾಗಿದ್ದ ವಿಲಿಯಂ ಆಫ್ ಟೈರ್ ತನ್ನ ಚರಿತ್ರೆಯಲ್ಲಿ ಇಂಥದ್ದೇ ಸಂಗತಿ ಬರೆದಿಟ್ಟಿದ್ದಾನೆ: ಓರಗೆಯ ಹುಡುಗರು ಆಟದಲ್ಲಿ ತೋಳು ಚಿವುಟಿದರೂ ಬಾಲ್ಡ್ವಿನ್‌ಗೆ ನೋವೇ ಆಗುತ್ತಿರಲಿಲ್ಲ. ಮಾವನ ಲಕ್ಷಣವನ್ನು ಸೋದರಳಿಯನಿಗೆ ದಾಟಿಸಿದ್ದಾರೆ, ಅಷ್ಟೆ. ನಿಜವಾದ ಐದನೇ ಬಾಲ್ಡ್ವಿನ್ 1186ರಲ್ಲಿ ಬಾಲಕನಾಗಿದ್ದಾಗಲೇ ತೀರಿಕೊಂಡ. ತಾಯಿ ವಿಷ ಹಾಕಿದ್ದು ಸಿನಿಮಾದ ಕಲ್ಪನೆ.

ಈ ಎಳೆ ಕಿತ್ತರೆ ಏನಾಗುತ್ತದೆ? ಚಿಕ್ಕ ಆವೃತ್ತಿಯ ಸಿಬಿಲಾ ಗಂಡ ಗೈನ ತಲೆಗೆ ಕಿರೀಟ ಇಡುತ್ತಾಳೆ, ಆಮೇಲೆ ಇದ್ದಕ್ಕಿದ್ದಂತೆ ಕೂದಲು ಕತ್ತರಿಸಿಕೊಂಡು ಮಂಕಾಗಿ ಕೂರುತ್ತಾಳೆ. ಯಾಕೆಂದು ಪ್ರೇಕ್ಷಕನಿಗೆ ತಿಳಿಯುವ ದಾರಿಯೇ ಇಲ್ಲ. ಪಾತ್ರ ಟೊಳ್ಳು ಎಂದು ಬರೆದವರು ತಾವು ಕಂಡದ್ದನ್ನೇ ಬರೆದರು. ಆರಂಭದಲ್ಲಿ ಕಥಾನಾಯಕ ಬೇಲಿಯನ್ ಕೈಯಲ್ಲಿ ಸಾಯುವ ಪಾದ್ರಿಯದೂ ಇದೇ ಕಥೆ. ಅವನು ಬೇಲಿಯನ್‌ನ ತಾಯಿಯ ಮಗನೇ ಎಂಬುದು ಗೊತ್ತಾಗುವುದು ದೀರ್ಘ ಆವೃತ್ತಿಯಲ್ಲಿ ಮಾತ್ರ. ಎಲ್ಲರೂ ಹೀಗಳೆದರು ಎಂದುಕೊಳ್ಳಬೇಡಿ. ರೋಜರ್ ಎಬರ್ಟ್ ಆ 144 ನಿಮಿಷದ ಪ್ರತಿಗೇ ನಾಲ್ಕರಲ್ಲಿ ಮೂರೂವರೆ ನಕ್ಷತ್ರ ಕೊಟ್ಟಿದ್ದರು.

ಶೇಕಡಾವಾರು ಅಂಕಗಳ ಬಗ್ಗೆ ಹೇಳುವುದಾದರೆ, ರಾಟನ್ ಟೊಮ್ಯಾಟೋಸ್‌ನ 40 ಎಂದರೆ ನೂರಕ್ಕೆ ನಲವತ್ತು ಅಂಕವಲ್ಲ. ನೂರು ವಿಮರ್ಶಕರಲ್ಲಿ ನಲವತ್ತು ಮಂದಿ ‘ನೋಡಬಹುದು’ ಎಂದರು, ಅಷ್ಟೇ. ಹತ್ತಕ್ಕೆ ಹತ್ತೂ ಜನ ‘ಸ್ವಲ್ಪದರಲ್ಲಿ ತಪ್ಪಿತು’ ಎಂದು ಬರೆದರೆ ಅಲ್ಲಿ ಸೊನ್ನೆ ಬರುತ್ತದೆ. ವಿಮರ್ಶೆಗಳಿಗೆ ಅಂಕ ಹಾಕಿ ಸರಾಸರಿ ತೆಗೆಯುವ ಮೆಟಾಕ್ರಿಟಿಕ್‌ನಲ್ಲಿ ಇದೇ ಚಿತ್ರಕ್ಕೆ 60ರ ಮೇಲಿದೆ. ಅಂದರೆ ಬಹುತೇಕರದು ಅರೆಮನಸ್ಸಿನ ಮೆಚ್ಚುಗೆ. ಪ್ರೇಕ್ಷಕರ 70ರ ಗುಟ್ಟು ಬೇರೆ. ಐದರಲ್ಲಿ ಮೂರೂವರೆ ನಕ್ಷತ್ರ ಕೊಟ್ಟವರೆಲ್ಲ ಅಲ್ಲಿ ‘ಮೆಚ್ಚಿದವರು’. ಆ ಮತಗಳು ವರ್ಷಗಟ್ಟಲೆ ಸೇರುತ್ತ ಬಂದವು, ಅವುಗಳಲ್ಲಿ ನಿಮ್ಮಂತೆ ದೀರ್ಘ ಆವೃತ್ತಿ ನೋಡಿದವರದೂ ಬೆರೆತಿದೆ. ಬೇಸರವಾದವರು ವರ್ಷಗಳ ನಂತರ ಹುಡುಕಿಕೊಂಡು ಬಂದು ಮತ ಹಾಕುವುದು ಕಡಿಮೆ. ಎರಡು ಸಂಖ್ಯೆಗಳು ಒಂದೇ ಪುಟದಲ್ಲಿವೆ ಎಂದ ಮಾತ್ರಕ್ಕೆ ಹೋಲಿಸಿ ತೀರ್ಪು ಕೊಡಲು ಬರುವುದಿಲ್ಲ.

ಊರು ಬದಲಾದರೂ ಪ್ರತಿಕ್ರಿಯೆ ಬದಲಾಗುತ್ತದೆ. ಪತ್ರಕರ್ತ ರಾಬರ್ಟ್ ಫಿಸ್ಕ್ ಈ ಚಿತ್ರವನ್ನು ಬೈರೂತಿನಲ್ಲಿ ನೋಡಿ ಬರೆದಿದ್ದಾರೆ. ಜೆರುಸಲೇಂ ಗೆದ್ದ ಮುಸ್ಲಿಂ ಸುಲ್ತಾನ ಸಲಾದಿನ್ ನೆಲಕ್ಕೆ ಬಿದ್ದ ಶಿಲುಬೆಯನ್ನು ಎತ್ತಿ ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸುವಾಗ ಅಲ್ಲಿನ ಪ್ರೇಕ್ಷಕರು ಚಪ್ಪಾಳೆ ತಟ್ಟಿದರಂತೆ. ಎಲ್ಲೋ ಕೂತು ನಕ್ಷತ್ರ ಹಂಚುವವರಿಗೆ ಆ ಚಪ್ಪಾಳೆ ಕೇಳಿಸುವುದಿಲ್ಲ.

ಇನ್ನು ಇತಿಹಾಸ. ಕೇಂಬ್ರಿಜ್‌ನ ಜೋನಾಥನ್ ರೈಲಿ-ಸ್ಮಿತ್ ಅವರಂಥ ದೊಡ್ಡ ವಿದ್ವಾಂಸರು 2004ರಲ್ಲೇ, ಚಿತ್ರ ಬಿಡುಗಡೆಯಾಗುವ ಮೊದಲೇ, ತೀಕ್ಷ್ಣವಾಗಿ ಆಕ್ಷೇಪಿಸಿದರು. ಅದು ಸಿನಿಮಾ ನೋಡಿ ಬರೆದ ವಿಮರ್ಶೆಯಲ್ಲ ಎಂಬುದು ನೆನಪಿರಲಿ. ತಪ್ಪುಗಳೇನೋ ಇವೆ. ಬೇಲಿಯನ್ ಫ್ರಾನ್ಸಿನ ಕಮ್ಮಾರನಲ್ಲ, ಜೆರುಸಲೇಂ ರಾಜ್ಯದ ಸಿರಿವಂತ ಪಾಳೆಯಗಾರ. ಅವನ ಹೆಂಡತಿ ಮರಿಯಾ ಸಿಬಿಲಾಳ ಮಲತಾಯಿ, ಹಾಗಾಗಿ ಪ್ರಣಯದ ಮಾತೇ ಇಲ್ಲ. ಇವು ನನ್ನ ಲೆಕ್ಕದಲ್ಲಿ ಸಣ್ಣ ತಪ್ಪುಗಳು. ಕಥೆ ಕಟ್ಟುವವರಿಗೆ ಇಷ್ಟು ಸಲಿಗೆ ಇರಲಿ. ದೊಡ್ಡ ತಪ್ಪು ಕೊನೆಯಲ್ಲಿದೆ, ಅದರ ಬಗ್ಗೆ ಗದ್ದಲವೇ ಆಗುವುದಿಲ್ಲ. ಸಿನಿಮಾದ ಸಲಾದಿನ್ ಎಲ್ಲರನ್ನೂ ಸುರಕ್ಷಿತವಾಗಿ ಕಳಿಸಿಕೊಡುತ್ತಾನೆ. ನಿಜದಲ್ಲಿ 1187ರ ಅಕ್ಟೋಬರ್ 2ರಂದು ನಗರ ಶರಣಾದಾಗ ಬಿಡುಗಡೆಗೆ ದರ ನಿಗದಿಯಾಗಿತ್ತು: ಗಂಡಸಿಗೆ 10 ದಿನಾರ್, ಹೆಂಗಸಿಗೆ 5. ಕೈಯಲ್ಲಿ ಹಣವಿಲ್ಲದ ಸುಮಾರು 7,000 ಬಡವರಿಗಾಗಿ ಒಟ್ಟು 30,000 ದಿನಾರ್ ತೆತ್ತರು. ಸಲಾದಿನ್ ಒಂದಷ್ಟು ಮಂದಿಯನ್ನು ಪುಕ್ಕಟೆ ಬಿಟ್ಟದ್ದೂ ನಿಜ. ಆದರೂ ಸಾವಿರಾರು ಜನ ಗುಲಾಮರಾದರು. ಸುಮಾರು 45 ನಿಮಿಷ ಹೆಚ್ಚು ಸಿಕ್ಕಿಯೂ ದೀರ್ಘ ಆವೃತ್ತಿ ಇದನ್ನು ತೋರಿಸುವುದಿಲ್ಲ.

ಇನ್ನೊಂದು ದೋಷವನ್ನೂ ಉದ್ದ ಹೆಚ್ಚಿಸಿ ಮುಚ್ಚಲಾಗಿಲ್ಲ. ಗೈನನ್ನು ತೊಲಗಿಸಿ ಸಿಬಿಲಾಳನ್ನು ಮದುವೆಯಾಗು ಎಂದು ರಾಜನೇ ಹೇಳಿದಾಗ ಬೇಲಿಯನ್ ಒಲ್ಲೆ ಎನ್ನುತ್ತಾನೆ. ಆ ನಿರಾಕರಣೆಯ ಬೆಲೆ, ಮುಂದೆ ರಾಜನಾದ ಗೈ ಸಲಾದಿನ್ ಎದುರು ಸೋತ ಹತ್ತೀನ್ ಯುದ್ಧದಲ್ಲಿ ಸತ್ತ ಇಡೀ ಸೈನ್ಯ. ಈ ಭಾರ ಅವನ ಮುಖದಲ್ಲಿ ಕಾಣಬೇಕಿತ್ತು. ಆ ಪಾತ್ರ ಮಾಡಿದ ಒರ್ಲ್ಯಾಂಡೊ ಬ್ಲೂಮ್ ಅವರಿಂದ ಅದು ಆಗಲಿಲ್ಲ ಎಂದ 2005ರ ವಿಮರ್ಶಕರ ಮಾತನ್ನು ಈಗಲೂ ನಂಬಬಹುದು. ಸಿಬಿಲಾ ಬಗ್ಗೆ ಬರೆದದ್ದನ್ನು ಮಾತ್ರ ಚಿಕ್ಕ ಆವೃತ್ತಿಗೆ ಸೇರಿಸಿ ಓದಿ.

ಗೆಳೆಯರಿಗೆ ತೋರಿಸುವುದಿದ್ದರೆ ಹಾಕುವ ಮುನ್ನ ಅವಧಿ ನೋಡಿಕೊಳ್ಳಿ. ಹಳೆಯ ಪ್ಯಾಲ್ (ಯುರೋಪ್, ಭಾರತದ ಟಿವಿ ಪದ್ಧತಿ) ಡಿವಿಡಿಯಾದರೆ ಸೆಕೆಂಡಿಗೆ 24ರ ಬದಲು 25 ಚೌಕಟ್ಟು ಓಡುವುದರಿಂದ ಶೇ 4ರಷ್ಟು ಬೇಗ ಮುಗಿಯುತ್ತದೆ. 194ರದ್ದು 186 ಎಂದು ತೋರಿಸಿದರೆ ಏನೋ ಕಿತ್ತಿದ್ದಾರೆಂದು ಗಾಬರಿ ಬೇಡ. 138 ಎಂದಿದ್ದರೆ ಮಾತ್ರ ವಾಪಸ್ ಕೊಡಿ, ಅದು ಆ 144ರದ್ದೇ.