ಅಪ್ಪ-ಅಮ್ಮನನ್ನು ದೆಹಲಿ, ಆಗ್ರಾ, ಜೈಪುರದ ಪ್ಯಾಕೇಜ್ ಪ್ರವಾಸಕ್ಕೆ ಕಳುಹಿಸಬಹುದೇ?

ಅರವತ್ತೈದು ದಾಟಿದ, ಹಿಂದಿ ಬಾರದ ಅಪ್ಪ-ಅಮ್ಮನನ್ನು ಗೈಡ್ ಸಮೇತದ ಪ್ಯಾಕೇಜ್ ಪ್ರವಾಸದಲ್ಲಿ ದೆಹಲಿ, ಆಗ್ರಾ, ಜೈಪುರಕ್ಕೆ ಕಳುಹಿಸಬಹುದೇ, ಕೊಟ್ಟ ಹಣಕ್ಕೆ ಮೋಸವಿಲ್ಲವೇ, ಯಾವ ತಿಂಗಳು ಒಳ್ಳೆಯದು ಎಂದು ಕೇಳಿದ್ದೀರಿ. ಧಾರಾಳವಾಗಿ ಕಳುಹಿಸಿ. ಆದರೆ ಮುಂಗಡ ಕಟ್ಟುವ ಮೊದಲು ಅವರು ಕೊಡುವ ಕರಪತ್ರವನ್ನು ಜಮೀನಿನ ಖರೀದಿ ಪತ್ರ ಓದುವಂತೆ ಓದಿ. ಒಂದೊಂದು ಜಾಗದಲ್ಲಿ ಎಷ್ಟು ಹೊತ್ತು ಬಿಡುತ್ತಾರೆ ಎಂದು ಕೇಳಿ ಬರೆಸಿಕೊಳ್ಳಿ. ಉಳಿದ ಎಲ್ಲ ಪ್ರಶ್ನೆಗಳೂ ಅದರ ನಂತರ.

ನಾನು ಒಂದು ಫೆಬ್ರವರಿಯಲ್ಲಿ ಹುಬ್ಬಳ್ಳಿಯಿಂದ ಅಪ್ಪ ಮತ್ತು ಅವ್ವನನ್ನು ಕರೆದುಕೊಂಡು ಇದೇ ಪ್ರವಾಸಕ್ಕೆ ಹೋಗಿದ್ದೆ. ಅಪ್ಪ ಭೂಮಾಪನ ಇಲಾಖೆಯಲ್ಲಿ ಮೋಜಣಿದಾರರಾಗಿದ್ದು ನಿವೃತ್ತರಾದವರು. ಅವ್ವನಿಗೆ ಮೊಣಕಾಲು ನೋವು. ಏಳು ದಿನ, ಒಂದು ಬಸ್, ಮೂವತ್ತು ಮಂದಿ, ಎಲ್ಲರೂ ನಮ್ಮ ಕಡೆಯವರೇ. ಸಂಸ್ಥೆಯ ಹೆಸರು ಇಲ್ಲಿ ಬೇಡ; ನಾನು ಹೇಳುವ ತಂಟೆಗಳು ಬಹುತೇಕ ಎಲ್ಲರಲ್ಲೂ ಇರುವಂಥವೇ.

ಮೊದಲ ತಂಟೆ ಕರಪತ್ರದಲ್ಲೇ ಇತ್ತು. ಆಗ್ರಾಕ್ಕೆ ಇಟ್ಟಿದ್ದ ದಿನ ಶುಕ್ರವಾರ. ಶುಕ್ರವಾರ ತಾಜ್ ಮಹಲ್ ಪ್ರವಾಸಿಗರಿಗೆ ಮುಚ್ಚಿರುತ್ತದೆ. ಫೋನ್ ಮಾಡಿ ಕೇಳಿದರೆ, "ಅದಕ್ಕೇನಂತೆ ಸಾರ್, ನದಿಯ ಆಚೆ ಮೆಹತಾಬ್ ಬಾಗ್‌ನಿಂದ ತೋರಿಸುತ್ತೇವೆ, ಫೋಟೋ ಅಲ್ಲಿಂದಲೇ ಚೆನ್ನಾಗಿ ಬರುತ್ತದೆ" ಎಂದರು. ಮದುವೆಗೆ ಕರೆದು ಮಂಟಪದ ಹೊರಗೇ ಊಟ ಹಾಕಿ ಕಳುಹಿಸಿದಂತೆ. ಜಗಳ ಮಾಡಿದ ಮೇಲೆ ದಿನ ಬದಲಾಯಿತು. ಹಾಗೆಯೇ ದೆಹಲಿಯ ಕೆಂಪು ಕೋಟೆಗೆ ಸೋಮವಾರ ರಜೆ. ಇವೆರಡನ್ನೂ ಕ್ಯಾಲೆಂಡರ್ ಪಕ್ಕಕ್ಕಿಟ್ಟು ತಾಳೆ ನೋಡಿ.

ಆಮೇಲೆ ಕರಪತ್ರದ ಭಾಷೆ. "ಭೇಟಿ" ಎಂದರೆ ಒಳಗೆ ಹೋಗುತ್ತೀರಿ. "ವೀಕ್ಷಣೆ" ಎಂದರೆ ಹೋಗಬಹುದು, ಹೋಗದೆಯೂ ಇರಬಹುದು. "ಮಾರ್ಗಮಧ್ಯೆ ವೀಕ್ಷಣೆ" ಎಂದರೆ ಬಸ್ಸಿನ ಕಿಟಕಿ. ಜೈಪುರದ ಹವಾ ಮಹಲ್ ಅನ್ನು ನಾವು ರಸ್ತೆಯ ಎದುರು ಬದಿಯಲ್ಲಿ ನಿಂತು ಹತ್ತು ನಿಮಿಷ ನೋಡಿದೆವು. 1799ರಲ್ಲಿ ಸವಾಯಿ ಪ್ರತಾಪ ಸಿಂಹ ಕಟ್ಟಿಸಿದ ಆ ಗೋಡೆಗೆ 953 ಕಿಟಕಿಗಳಿವೆ ಎಂದು ಹೇಳಿದರೇ ಹೊರತು, ಹಿಂಬದಿಯ ಬಾಗಿಲಿನಿಂದ ಒಳಗೆ ಹೋಗಿ ಆ ಕಿಟಕಿಗಳ ಹಿಂದೆ ನಿಲ್ಲಬಹುದು ಎಂದು ಯಾರೂ ಹೇಳಲಿಲ್ಲ. "ಪ್ರವೇಶ ಶುಲ್ಕ ಸೇರಿದೆ" ಎಂಬ ಮಾತನ್ನೂ ಬಿಡಿಸಿ ಕೇಳಿ. ನಾವು ಹೋದಾಗ ತಾಜ್ ಆವರಣಕ್ಕೆ ಭಾರತೀಯರಿಗೆ 50 ರೂಪಾಯಿ. ಗೋರಿ ಇರುವ ಮುಖ್ಯ ಕಟ್ಟಡಕ್ಕೆ ಹೋಗಲು ಮತ್ತೆ 200. ನಮ್ಮ ಪ್ಯಾಕೇಜಿನಲ್ಲಿ ಸೇರಿದ್ದದ್ದು ಬರೀ ಐವತ್ತರದ್ದು.

ಗೈಡ್ ವಿಷಯಕ್ಕೆ ಬರುತ್ತೇನೆ. ಪ್ಯಾಕೇಜಿನಲ್ಲಿ ಇಬ್ಬರು ಬೇರೆ ಬೇರೆ ವ್ಯಕ್ತಿಗಳಿರುತ್ತಾರೆ. ಊರಿನಿಂದ ಜೊತೆಗೆ ಬರುವ ಟೂರ್ ಮ್ಯಾನೇಜರ್ ಒಬ್ಬ. ಅವನು ರೂಮಿನ ಬೀಗದ ಕೈ, ಊಟ, ತಲೆ ಎಣಿಕೆ ನೋಡಿಕೊಳ್ಳುತ್ತಾನೆ. ಆಯಾ ಊರಿನಲ್ಲಿ ಬಸ್ ಹತ್ತುವ ಸ್ಥಳೀಯ ಗೈಡ್ ಇನ್ನೊಬ್ಬರು. ಸರ್ಕಾರದ ಪರವಾನಗಿ ಇರುವವರ ಕೊರಳಲ್ಲಿ ಗುರುತಿನ ಚೀಟಿ ಇರುತ್ತದೆ. ಇವರು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹೇಳುತ್ತಾರೆ, ಮ್ಯಾನೇಜರ್ ಅದನ್ನು ಕನ್ನಡಕ್ಕೆ ತರಬೇಕು. ದೆಹಲಿಯಲ್ಲಿ ಹುಮಾಯೂನನ ಸಮಾಧಿಯ ಮುಂದೆ ಗೈಡ್ ಐದು ನಿಮಿಷ ಕೈ ಬೀಸಿ ಬೀಸಿ ವಿವರಿಸಿದರು. ಅವ್ವ ಕುತೂಹಲದಿಂದ "ಏನಂತೆ?" ಎಂದು ಕೇಳಿದಳು. ನಮ್ಮ ಮ್ಯಾನೇಜರ್, "ಹಳೆಯ ಕಾಲದ್ದಂತೆ ಅಮ್ಮಾ" ಎಂದು ಮುಗಿಸಿಬಿಟ್ಟ. ನಿಮ್ಮ ಹೆತ್ತವರಿಗೆ ಹಿಂದಿ ಬಾರದಿದ್ದರೆ ನಿಜವಾದ ಕಷ್ಟ ಇದು. ಹೋಟೆಲು, ಬಸ್ಸು ಎಲ್ಲ ಹೇಗೋ ನಡೆಯುತ್ತದೆ. ಮ್ಯಾನೇಜರ್ ಯಾರು, ಆ ದಾರಿಯಲ್ಲಿ ಎಷ್ಟು ಸಲ ಹೋಗಿದ್ದಾನೆ ಎಂದು ಕೇಳಿ. ಸಾಧ್ಯವಾದರೆ ಅವನ ಜೊತೆ ಫೋನಿನಲ್ಲಿ ಒಮ್ಮೆ ಮಾತನಾಡಿ. ನಮ್ಮ ಗುಂಪಿನಲ್ಲಿ ಎರಡನೆಯ ದಿನದಿಂದ ಅನುವಾದದ ಕೆಲಸ ನನ್ನ ತಲೆಗೇ ಬಂತು.

ಆಗ್ರಾದ ಗೈಡ್ ಮಾತ್ರ ಬೇರೆಯೇ ಜಾತಿಯ ಮನುಷ್ಯರು. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ ತಾಜ್ ತೆರೆಯುತ್ತದೆ, ಆಗಲೇ ಸಾಲಿನಲ್ಲಿ ನಿಲ್ಲಿಸಿದರು. ಹೆಬ್ಬಾಗಿಲ ಕಮಾನಿನ ಕೆಳಗೆ ಎಲ್ಲರನ್ನೂ ತಡೆದು, ಮುಖ ತಾಜ್ ಕಡೆಗಿರಲಿ, ಹಿಂದಕ್ಕೆ ಹೆಜ್ಜೆ ಇಡಿ ಎಂದರು. ದೂರ ಸರಿದಷ್ಟೂ ಗುಮ್ಮಟ ದೊಡ್ಡದಾಗುತ್ತಾ ಬಂದಂತೆ ಕಾಣುತ್ತದೆ, ಮುಂದೆ ನಡೆದರೆ ಕುಗ್ಗುತ್ತದೆ. ಮೂವತ್ತು ಜನ ಹಿಂದಕ್ಕೂ ಮುಂದಕ್ಕೂ ನಡೆಯುವುದನ್ನು ನೋಡಿ ಕಾವಲುಗಾರ ನಗುತ್ತಿದ್ದ. ಒಳಗಿನ ಅರೆಗತ್ತಲಲ್ಲಿ ಆತ ಒಂದು ಪುಟ್ಟ ಟಾರ್ಚನ್ನು ಗೋರಿಯ ಸುತ್ತಲಿನ ಜಾಲಂಧ್ರಕ್ಕೆ ತಾಗಿಸಿ ಹಿಡಿದರು. ಅಲ್ಲಿಯವರೆಗೆ ಮಂಕಾಗಿದ್ದ ಕೆಂಪು ಹೂವಿನ ಎಸಳು ಕೆಂಡದಂತೆ ಹೊತ್ತಿಕೊಂಡಿತು, ಸುತ್ತಲಿನ ಮಕ್ರಾನಾ ಅಮೃತಶಿಲೆ ಹಾಲಿನ ಕೆನೆಯಂತೆ ಒಳಗಿನಿಂದ ಬೆಳಗಿತು. ಪಕ್ಕದ ಹಸಿರು ಎಲೆಗೆ ಹಿಡಿದರೆ ಏನೂ ಆಗಲಿಲ್ಲ. ಕೆಂಪಿನದು ಬೆಳಕು ಹಾಯುವ ಅಕೀಕ್ ಕಲ್ಲು, ಹಸಿರಿನದು ಹಾಯದ ಕಲ್ಲು ಎಂದರು. ಅಮೃತಶಿಲೆಯನ್ನು ಕೊರೆದು ಬಣ್ಣದ ಕಲ್ಲು ಕೂರಿಸುವ ಈ ಕೆಲಸಕ್ಕೆ ಅಲ್ಲಿ ಪಾರ್ಚಿನ್‌ಕಾರಿ ಎನ್ನುತ್ತಾರೆ. ಅವ್ವ ಆ ಒಂದು ಹೂವಿನ ಮುಂದಿನಿಂದ ಕದಲಲಿಲ್ಲ.

ಮೇಲೆ ಕಾಣುವ ಗೋರಿಗಳು ತೋರಿಕೆಯವು, ನಿಜವಾದವು ಕೆಳಗಿನ ಕೋಣೆಯಲ್ಲಿವೆ ಎಂದು ಗೈಡ್ ಹೇಳಿದಾಗ ಅಪ್ಪ ನನ್ನ ಭುಜ ತಟ್ಟಿ, "ಕೇಳು ಅವರನ್ನು, ವಿಜಯಪುರದ ಗೋಲ ಗುಮ್ಮಟ ನೋಡಿದ್ದಾರೋ ಇಲ್ಲವೋ. ಅಲ್ಲಿಯೂ ಹೀಗೆಯೇ" ಎಂದರು. ಗೈಡ್ ನೋಡಿರಲಿಲ್ಲ. ಷಹಜಹಾನನಿಗೆ 1636ರಲ್ಲಿ ಮಣಿದು ಒಪ್ಪಂದ ಮಾಡಿಕೊಂಡ ಮುಹಮ್ಮದ್ ಆದಿಲ್ ಶಾಹನೇ ಗೋಲ ಗುಮ್ಮಟದಲ್ಲಿ ಮಲಗಿರುವವನು. ಇಬ್ಬರೂ ಒಂದೇ ಕಾಲದಲ್ಲಿ ಗುಮ್ಮಟ ಎಬ್ಬಿಸಿದವರು. ಅಪ್ಪ ಹೇಳುತ್ತಾ ಹೋದರು, ನಾನು ಹಿಂದಿಗೆ ತಿರುಗಿಸುತ್ತಾ ಹೋದೆ, ಗೈಡ್ ಕೈ ಕಟ್ಟಿಕೊಂಡು ಕೇಳಿದರು. ಕೆಲಸಗಾರರ ಕೈ ಕಡಿಸಿದ ಕಥೆ, ನದಿಯಾಚೆ ಕಪ್ಪು ತಾಜ್ ಕಟ್ಟಿಸಲಿದ್ದ ಕಥೆಗಳನ್ನು ಈ ಮನುಷ್ಯ ತಾವಾಗಿ ಎತ್ತಲಿಲ್ಲ. ಗುಂಪಿನವರೊಬ್ಬರು ಕೇಳಿದಾಗ, ಎರಡಕ್ಕೂ ಆಧಾರವಿಲ್ಲ, ಮೆಹತಾಬ್ ಬಾಗ್ ಅಗೆದಾಗ ಸಿಕ್ಕಿದ್ದು ತೋಟ ಮತ್ತು ಎಂಟು ಮೂಲೆಯ ದೊಡ್ಡ ಕೊಳ ಎಂದರು. ಗೈಡ್ ಒಳ್ಳೆಯವರೋ ಅಲ್ಲವೋ ಎಂದು ಅಳೆಯಲು ನನಗೆ ಈಗ ಇದೇ ಅಳತೆಗೋಲು.

ಇಷ್ಟು ಒಳ್ಳೆಯ ಬೆಳಗಿನ ಮೇಲೆ ಮಧ್ಯಾಹ್ನ ಅಂಗಡಿ ಬಂತು. ಬರದೇ ಇರುವುದಿಲ್ಲ. ಆಗ್ರಾದಲ್ಲಿ ಅಮೃತಶಿಲೆಯ ಅಂಗಡಿ, ಜೈಪುರದಲ್ಲಿ ಹರಳು ಮತ್ತು ಅಚ್ಚು ಮುದ್ರಣದ ಬಟ್ಟೆ. ಗುಂಪು ಕರೆತಂದವರಿಗೆ ಕಮಿಷನ್ ಇರುತ್ತದೆ, ಅದು ಗುಟ್ಟೇನೂ ಅಲ್ಲ. ನನಗೆ ಸಿಟ್ಟು ಬಂದದ್ದು ಗಡಿಯಾರ ನೋಡಿದಾಗ. ಅಂಗಡಿಯಲ್ಲಿ ಒಂದು ಗಂಟೆ ಹದಿನೈದು ನಿಮಿಷ. ಆಗ್ರಾ ಕೋಟೆಗೆ ಮೂವತ್ತೈದು ನಿಮಿಷ. 1658ರಿಂದ ಸಾಯುವವರೆಗೆ, ಅಂದರೆ 1666ರವರೆಗೆ, ಷಹಜಹಾನ್ ಸೆರೆಯಲ್ಲಿದ್ದು ತಾಜ್ ನೋಡುತ್ತಿದ್ದ ಮುಸಮ್ಮನ್ ಬುರ್ಜ್ ಹತ್ತಿರ ಹೋಗುವಷ್ಟರಲ್ಲಿ ಮ್ಯಾನೇಜರ್ ಸೀಟಿ ಊದಿದ.

ಅಂಗಡಿಯವರನ್ನೂ ಪೂರ್ತಿ ಬೈಯುವಂತಿಲ್ಲ. ಬಾಗಿಲಲ್ಲಿ ಒಬ್ಬ ಹುಡುಗ ಕುಳಿತು ಬಲಗೈಯಿಂದ ಸಾಣೆ ಚಕ್ರ ತಿರುಗಿಸುತ್ತಾ, ಎಡಗೈ ಬೆರಳ ತುದಿಯಲ್ಲಿ ಅಕ್ಕಿ ಕಾಳಿಗಿಂತ ತೆಳ್ಳನೆಯ ಕಲ್ಲಿನ ಚೂರು ಹಿಡಿದು ಎಸಳಿನ ಆಕಾರಕ್ಕೆ ತರುತ್ತಿದ್ದ. ಉಗುರುಗಳು ಸವೆದು ಓರೆಯಾಗಿದ್ದವು. ಅದನ್ನು ನೋಡಿ ಮರುಗಿಯೇ ಅವ್ವ ಒಂದು ಪುಟ್ಟ ಡಬ್ಬಿ ಕೊಂಡಳು. ಊರಿಗೆ ಬಂದ ಮೇಲೆ ಅದರ ತಳದ ಮೇಲೆ ಉಗುರು ಎಳೆದರೆ ಬಿಳಿ ಪುಡಿ ಉದುರಿತು. ಬಳಪದ ಕಲ್ಲು! ಈಗ ಅದರಲ್ಲಿ ಲವಂಗ ಇದೆ. ನಿಮ್ಮ ಅಮ್ಮನಿಗೆ ಮೊದಲೇ ಹೇಳಿ: ಮೊಬೈಲ್ ಟಾರ್ಚ್ ಹಿಡಿದರೆ ಬೆಳಕು ಹಾಯಬೇಕು, ಉಗುರಿನಿಂದ ಗೀರಿದರೆ ಪುಡಿಯಾಗಬಾರದು.

ಆಗ್ರಾದಿಂದ ಜೈಪುರಕ್ಕೆ ಹೋಗುವಾಗ ಫತೇಪುರ್ ಸಿಕ್ರಿ ಸಿಗುತ್ತದೆ, 1571ರಿಂದ 1585ರವರೆಗೆ ಅಕ್ಬರನ ರಾಜಧಾನಿ. ಗಾಡಿ ನಿಲ್ಲಿಸುವ ಜಾಗದಲ್ಲೇ "ನಾನು ಗೈಡ್" ಎಂದು ಬೆನ್ನು ಹತ್ತುವವರು, ದರ್ಗಾದಲ್ಲಿ ಹೊದಿಸಲು ಚಾದರ್ ಮಾರುವವರು ಇರುತ್ತಾರೆ. ಕಣ್ಣು ತಪ್ಪಿಸಿ ನಡೆಯಬೇಕು, ಅಷ್ಟೇ.

ನನ್ನನ್ನು ಕೇಳಿದರೆ ಇಡೀ ಪ್ರವಾಸದ ಹಣ ಹುಟ್ಟಿದ್ದು ಜೈಪುರದ ಹಳೆಯ ಖಗೋಳ ವೀಕ್ಷಣಾಲಯವಾದ ಜಂತರ್ ಮಂತರ್‌ನಲ್ಲಿ. ಮಜಾ ಎಂದರೆ ಬಹಳ ಜನ ಬೇಸರಪಟ್ಟು ಹೊರಗೆ ಐಸ್‌ಕ್ರೀಮ್ ತಿನ್ನುತ್ತಿದ್ದದ್ದೂ ಅಲ್ಲಿಯೇ. 1727ರಲ್ಲಿ ಜೈಪುರ ಕಟ್ಟಲು ಶುರುಮಾಡಿದ ಸವಾಯಿ ಜಯಸಿಂಹನೇ ಇದನ್ನೂ ಕಟ್ಟಿಸಿದ್ದು. ಸಾಮ್ರಾಟ್ ಯಂತ್ರ ಎಂಬ ನೆರಳು ಗಡಿಯಾರ ಸುಮಾರು 27 ಮೀಟರ್ ಎತ್ತರ. ಗೈಡ್ ಇಲ್ಲದಿದ್ದರೆ ಅದು ಎಲ್ಲಿಗೂ ಹೋಗದ ಒಂದು ಮೆಟ್ಟಿಲು, ಅಷ್ಟೇ. ಅಲ್ಲಿನ ಗೈಡ್, ಬಿಳಿ ಮೀಸೆಯ ಹಿರಿಯರು, ನೆರಳಿನ ಅಂಚು ಬಿದ್ದಲ್ಲಿ ಬೆರಳಿಟ್ಟು ಒಂದು ನಿಮಿಷ ಸುಮ್ಮನಿರಲು ಹೇಳಿದರು. ನೆರಳು ನಮ್ಮ ಕಣ್ಣೆದುರೇ ನಾಲ್ಕು ಬೆರಳಷ್ಟು ಸರಿಯಿತು. ಗೆರೆ ಎಣಿಸಿ, ಹತ್ತು ಗಂಟೆ ಮೂವತ್ತೊಂಬತ್ತು ನಿಮಿಷ ಎಂದರು. ಅಪ್ಪನ ಕೈಗಡಿಯಾರದಲ್ಲಿ ಹನ್ನೊಂದು ಇಪ್ಪತ್ತು.

"ಸುಳ್ಳು" ಎಂದರು ಅಪ್ಪ, ಕನ್ನಡದಲ್ಲೇ. ಅದು ಅನುವಾದವಿಲ್ಲದೆ ತಲುಪಿತು.

ಹಿರಿಯರು ನಕ್ಕು ಲೆಕ್ಕ ಬಿಡಿಸಿದರು. ನಮ್ಮ ಗಡಿಯಾರಗಳೆಲ್ಲ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶದ ಸಮಯ ಹೇಳುತ್ತವೆ. ಈ ಯಂತ್ರ ಜೈಪುರದ ಸೂರ್ಯನ ಸಮಯ ಹೇಳುತ್ತದೆ. ಡಿಗ್ರಿಗೆ ನಾಲ್ಕು ನಿಮಿಷ. ಜೈಪುರ ಪಶ್ಚಿಮಕ್ಕಿರುವುದರಿಂದ ಸುಮಾರು 27 ನಿಮಿಷ ಹಿಂದೆ. ಭೂಮಿಯ ಓರೆ ಮತ್ತು ಅದು ಸೂರ್ಯನನ್ನು ಸುತ್ತುವ ವೇಗದ ಏರಿಳಿತದಿಂದ ಫೆಬ್ರವರಿಯ ನಡುವೆ ಇನ್ನೂ 14 ನಿಮಿಷ ಹಿಂದೆ. ಕೂಡಿಸಿ ನೋಡಿ. ಜೀವಮಾನವಿಡೀ ಸರಪಳಿ ಹಿಡಿದು ಗುಂಟೆ ಅಳೆದ ಅಪ್ಪ ಕಟ್ಟೆಯ ಮೇಲೆ ಕುಳಿತು ಬೆರಳು ಮಡಚಿದರು. ಸ್ವಲ್ಪ ಹೊತ್ತಿನ ನಂತರ, "ಹಾಗಾದರೆ ನಮ್ಮ ಹುಬ್ಬಳ್ಳಿಗೆ ಅರ್ಧ ತಾಸು ಹಿಂದೆ" ಎಂದರು. ಸರಿಯಾಗಿಯೇ ಇತ್ತು. ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡು ಆ ಹಿರಿಯರ ಹಿಂದೆ ಹೊರಟವರು, ನಾವು ಬಸ್ ಹತ್ತುವಾಗ ಎಲ್ಲಿಯೂ ಕಾಣಲಿಲ್ಲ. ಹುಡುಕಿದರೆ ಹನ್ನೆರಡು ರಾಶಿ ಯಂತ್ರಗಳ ನಡುವೆ ಇಬ್ಬರೂ ನಿಂತಿದ್ದರು. ಅಪ್ಪನಿಗೆ ಹಿಂದಿ ಬಾರದು, ಅವರಿಗೆ ಕನ್ನಡ ಬಾರದು.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಊಟ: ನಮ್ಮ ಕಡೆಯ ಕೆಲವು ಸಂಸ್ಥೆಗಳು ಅಡುಗೆಯವರನ್ನೂ ಕರೆದೊಯ್ಯುತ್ತವೆ. ಎರಡು ಸಾವಿರ ರೂಪಾಯಿ ಹೆಚ್ಚಾದರೂ ಅಂಥವರನ್ನೇ ಹಿಡಿಯಿರಿ. ಮೂರನೆಯ ದಿನಕ್ಕೆ ಪನೀರ್ ಎಂದರೆ ಅವ್ವ ಮುಖ ತಿರುಗಿಸುತ್ತಿದ್ದಳು, ಅನ್ನ-ಸಾರು ಬಂದ ರಾತ್ರಿ ಮೂವತ್ತು ಮಂದಿಯೂ ಮಾತು ನಿಲ್ಲಿಸಿ ಉಂಡರು. ಕಾಲು: ತಾಜ್ ಹತ್ತಿರಕ್ಕೆ ಬಸ್ ಬಿಡುವುದಿಲ್ಲ, ಬ್ಯಾಟರಿ ಗಾಡಿ ಇದೆ. ಜೈಪುರದ ಆಮೇರ್ ಕೋಟೆಗೆ ಜೀಪಿನಲ್ಲಿ ಹತ್ತಬಹುದು, ಅದರ ಬಾಡಿಗೆ ಪ್ಯಾಕೇಜಿನಲ್ಲಿದೆಯೇ ಕೇಳಿ. ಒಂದೇ ದಿನ ಕುತುಬ್ ಮಿನಾರ್, ಕೆಂಪು ಕೋಟೆ, ಇಂಡಿಯಾ ಗೇಟ್, ಅಕ್ಷರಧಾಮ ಎಲ್ಲ ಬರೆದಿದ್ದರೆ ಆ ದಿನದ ಅರ್ಧ ದೆಹಲಿಯ ಸಿಗ್ನಲ್‌ಗಳಲ್ಲಿ ಹೋಗುತ್ತದೆ ಎಂದು ತಿಳಿಯಿರಿ, ಎರಡನ್ನು ತೆಗೆಸಿ.

ತಿಂಗಳು: ಅಕ್ಟೋಬರ್ ಕೊನೆಯಿಂದ ನವೆಂಬರ್, ಇಲ್ಲವೇ ಫೆಬ್ರವರಿಯಿಂದ ಮಾರ್ಚ್ ಮಧ್ಯದವರೆಗೆ. ಡಿಸೆಂಬರ್ ಕೊನೆ ಮತ್ತು ಜನವರಿಯ ಮಂಜಿನಲ್ಲಿ ವಿಮಾನ ತಡವಾಗುವುದು ಹೋಗಲಿ, ತಾಜ್ ಎದುರು ನಿಂತರೂ ತಾಜ್ ಕಾಣದಿರಬಹುದು. ಮೇ-ಜೂನ್‌ನಲ್ಲಿ ವಯಸ್ಸಾದವರನ್ನು ಕಳುಹಿಸಲೇಬೇಡಿ. ಫೆಬ್ರವರಿಯಾದರೆ ಸ್ವೆಟರ್ ಜೊತೆಗೆ ಇಬ್ಬರಿಗೂ ಎರಡೆರಡು ಜೊತೆ ದಪ್ಪ ಕಾಲುಚೀಲ ಇಟ್ಟು ಕಳುಹಿಸಿ. ಬೆಳಗಿನ ಆರೂವರೆಗೆ ಅಮೃತಶಿಲೆ ಮಂಜುಗಡ್ಡೆಯಂತಿರುತ್ತದೆ, ಅಲ್ಲಿ ಕೊಡುವ ತೆಳ್ಳನೆಯ ಚಪ್ಪಲಿ ಚೀಲ ಅದಕ್ಕೆ ಸಾಲುವುದಿಲ್ಲ.