ಅಮ್ಮನಿಗೆ ಎಲ್ಲ ನೆನಪಿದೆ, ಸಾರು ಮಾಡೋಕೆ ಮಾತ್ರ ಆಗ್ತಿಲ್ಲ

ಡಿಮೆನ್ಷಿಯಾ ಬಗ್ಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಸಾಲು ತಪ್ಪದೆ ಇರುತ್ತದೆ: 'ನೆನಪಿನ ಶಕ್ತಿ ಚೆನ್ನಾಗಿದೆ ಡಾಕ್ಟರೇ, ಆದರೆ...' ಆ 'ಆದರೆ' ಆದಮೇಲೆ ಬರೆದಿದ್ದನ್ನು ಓದಿದರೆ ಕಾಯಿಲೆ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಬರೆದವರಿಗೆ ಮಾತ್ರ ಕಾಣುವುದಿಲ್ಲ. ಹೆಸರು, ತಾರೀಖು, ಬೆಳಗಿನ ತಿಂಡಿ ನೆನಪಿದ್ದರೆ ತಲೆ ಸರಿಯಿದೆ ಅಂತ ಮನೆಯವರು ತೀರ್ಮಾನ ಮಾಡಿಬಿಟ್ಟಿರುತ್ತಾರೆ. ಅದಕ್ಕೇ ಈ ಸಲ ಒಂದೇ ಪತ್ರಕ್ಕೆ ಜಾಸ್ತಿ ಜಾಗ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಡಿಮೆನ್ಷಿಯಾ ಅಂದರೇನು ಅಂತ ಮೊದಲಿನಿಂದ ಹೇಳುತ್ತಾ ಕೂರುವುದೂ ಇಲ್ಲ.

ಪ್ರಶ್ನೆ: ನಮ್ಮ ಅಮ್ಮನಿಗೆ 67 ವರ್ಷ. ಬಿಪಿ, ಶುಗರ್ ಎರಡೂ ಇವೆ. ನೆನಪು ನಮಗಿಂತ ಗಟ್ಟಿ. ನನ್ನ ಮದುವೆಗೆ ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಇವತ್ತಿಗೂ ಹೇಳುತ್ತಾರೆ. ಆದರೆ ಒಂದು ವರ್ಷದಿಂದ ಅಡುಗೆ ಆಗುತ್ತಿಲ್ಲ. ಬೇಳೆ ಬೇಯಲು ಇಟ್ಟು ಸುಮ್ಮನೆ ನಿಂತಿರುತ್ತಾರೆ. ಒಮ್ಮೊಮ್ಮೆ ಬೇಳೆ ಬೇಯುವ ಮೊದಲೇ ಒಗ್ಗರಣೆ ಹಾಕಿಬಿಡುತ್ತಾರೆ. ಸ್ನಾನ ಮಾಡಿ ಅಂದರೆ 'ಹೂಂ' ಅಂತಾರೆ, ಕೂತೇ ಇರುತ್ತಾರೆ. ಹೋದ ತಿಂಗಳು ಫೋನಿನಲ್ಲಿ ಯಾರೋ ಕೇಳಿದರು ಅಂತ ಓಟಿಪಿ ಹೇಳಿ ದುಡ್ಡು ಕಳೆದುಕೊಂಡರು. ಇಲ್ಲಿನ ಡಾಕ್ಟರು ಪರೀಕ್ಷೆ ಮಾಡಿ 30ಕ್ಕೆ 27 ಬಂದಿದೆ, ಡಿಮೆನ್ಷಿಯಾ ಅಲ್ಲ ಅಂದರು. ಅಪ್ಪ ಸೋಮಾರಿತನ ಅಂತಾರೆ, ಅತ್ತಿಗೆ ನಾಟಕ ಅಂತಾರೆ. ಯಾವುದು ನಿಜ? – ದಾವಣಗೆರೆಯಿಂದ ಒಬ್ಬ ಓದುಗರು

ಉತ್ತರ: ಎರಡೂ ಅಲ್ಲ. ಅತ್ತಿಗೆಗೆ ಈ ಪುಟ ಓದಿಸಿ.

ಒಂದು ಕೆಲಸ ಮಾಡಿ. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, 'ಅಮ್ಮ, ತಿಳಿಸಾರು ಹೇಗೆ ಮಾಡೋದು?' ಅಂತ ಕೇಳಿ. ಬಹುಶಃ ಒಂದೂ ತಪ್ಪಿಲ್ಲದೆ ಹೇಳುತ್ತಾರೆ. ಹುಣಸೆಹಣ್ಣು ಎಷ್ಟು, ಇಂಗು ಯಾವಾಗ, ಎಲ್ಲ. ಆದರೆ ಒಲೆ ಮುಂದೆ ನಿಲ್ಲಿಸಿದರೆ ಆಗುವುದಿಲ್ಲ. ಹೇಳಲು ಬರುತ್ತದೆ, ಮಾಡಲು ಬರುವುದಿಲ್ಲ. ಇದನ್ನು ನೋಡಿಯೇ ಮನೆಯವರು ನಾಟಕ ಅನ್ನುವುದು. ನನ್ನಂಥವರಿಗೆ ಇದೇ ದೊಡ್ಡ ಸುಳಿವು.

ಸಾರು ಮಾಡುವಾಗ ತಲೆ ಏನೇನು ಮಾಡುತ್ತದೆ ನೋಡಿ. ಕುಕ್ಕರ್ ಕೂಗುವಷ್ಟರಲ್ಲಿ ಹುಣಸೆಹಣ್ಣು ನೆನೆಹಾಕಬೇಕು. ಮೂರನೇ ಕೂಗಿಗೆ ಒಲೆ ಆರಿಸಬೇಕು. ಉಪ್ಪು ಹಾಕಿದ್ದೇನೆ ಅನ್ನುವುದು ತಲೆಯಲ್ಲಿರಬೇಕು, ಇಲ್ಲದಿದ್ದರೆ ಇನ್ನೊಮ್ಮೆ ಬೀಳುತ್ತದೆ. ನಡುವೆ ಹಾಲಿನವನು ಬಂದರೆ ದುಡ್ಡು ಕೊಟ್ಟು, ಬಿಟ್ಟ ಜಾಗಕ್ಕೇ ವಾಪಸ್ ಬರಬೇಕು. ಹುಣಸೆಹಣ್ಣು ಖಾಲಿಯಾಗಿದ್ದರೆ ಟೊಮೆಟೊ ಸಾಕು ಅಂತ ದಾರಿ ಬದಲಿಸಬೇಕು. ಒಗ್ಗರಣೆಗೆ ಕೈ ಹೋದರೂ 'ಈಗಲೇ ಬೇಡ' ಅಂತ ತಡೆಯಬೇಕು. ಶುರು ಮಾಡುವುದು, ಸಾಲಾಗಿ ಜೋಡಿಸುವುದು, ತಡೆಯುವುದು, ಬದಲಿಸುವುದು. ಇದನ್ನೆಲ್ಲ ಸೇರಿಸಿ ಎಕ್ಸಿಕ್ಯುಟಿವ್ ಫಂಕ್ಷನ್ ಅನ್ನುತ್ತೇವೆ. ಮದುವೆ ಮನೆಯ ಹಿರಿಯ ಅಡುಗೆ ಭಟ್ಟರ ಕೆಲಸ ಇದು. ಅವರು ಸೌಟು ಹಿಡಿಯದಿದ್ದರೂ ನಡೆಯುತ್ತದೆ, ಎದ್ದು ಹೋದರೆ ಮಾತ್ರ ಪಂಕ್ತಿಗೆ ಅನ್ನಕ್ಕಿಂತ ಮೊದಲು ಪಾಯಸ ಬರುತ್ತದೆ.

ಹೊಸ ನೆನಪು ಕೂಡಿಡುವುದು ಹಿಪ್ಪೊಕ್ಯಾಂಪಸ್, ಕಿವಿಯ ನೇರಕ್ಕೆ ಒಳಗಿರುವ ಭಾಗ. ಡಿಮೆನ್ಷಿಯಾ ತರುವ ಕಾಯಿಲೆಗಳಲ್ಲೊಂದಾದ ಆಲ್ಝೈಮರ್ ಸಾಮಾನ್ಯವಾಗಿ ಅದರ ಆಸುಪಾಸಿನಲ್ಲೇ ಶುರುವಾಗುತ್ತದೆ. ಅದಕ್ಕೇ ಅಲ್ಲಿ ಮರೆವು ಮೊದಲು ಕಾಣುತ್ತದೆ. ಭಟ್ಟರ ಕೆಲಸ ನಡೆಯುವುದು ಹಣೆಯ ಹಿಂದಿನ ಫ್ರಾಂಟಲ್ ಭಾಗದಲ್ಲಿ, ಮತ್ತು ಅಲ್ಲಿಂದ ಮೆದುಳಿನ ಆಳಕ್ಕೆ ಹೋಗಿ ಬರುವ ನರತಂತುಗಳಲ್ಲಿ. ವರ್ಷಗಟ್ಟಲೆ ಬಿಪಿ, ಶುಗರ್ ಇದ್ದವರಲ್ಲಿ ಆಳದ ಸಣ್ಣ ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುತ್ತವೆ. ಕೈಕಾಲು ಬೀಳುವುದಿಲ್ಲ, ಬಾಯಿ ಸೊಟ್ಟಗಾಗುವುದಿಲ್ಲ, ಯಾರಿಗೂ ಗೊತ್ತೇ ಆಗುವುದಿಲ್ಲ. ತಂತುಗಳು ಮಾತ್ರ ಒಂದೊಂದೇ ಹಾಳಾಗುತ್ತಾ ಹೋಗುತ್ತವೆ. ಮುಯ್ಯಿ ಲೆಕ್ಕ ಹಾಗೇ ಉಳಿಯುತ್ತದೆ, ಸ್ನಾನಕ್ಕೆ ಏಳುವುದು ನಿಂತುಹೋಗುತ್ತದೆ. ನಿಮ್ಮ ಪತ್ರ ಓದಿ ನನಗೆ ಮೊದಲು ಅನುಮಾನ ಬಂದಿದ್ದು ಇದರ ಮೇಲೆಯೇ. ಆದರೆ ಪತ್ರ ನೋಡಿ ಕಾಯಿಲೆ ಹೆಸರಿಸುವ ಪೈಕಿ ನಾನಲ್ಲ.

ಇನ್ನು ಆ 27 ಅಂಕದ ಕತೆ. ಅದು ಬಹುಶಃ 1975ರಲ್ಲಿ ಬಂದ ಎಂಎಂಎಸ್‌ಇ ಅನ್ನುವ ಪರೀಕ್ಷೆ. ತಾರೀಖು ಯಾವುದು, ಊರು ಯಾವುದು, ಮೂರು ಪದ ನೆನಪಿಟ್ಟುಕೊಳ್ಳಿ, ಹೀಗೆ. ಒಳ್ಳೆಯ ಪರೀಕ್ಷೆಯೇ. ಆದರೆ ಯೋಜನೆ, ತಡೆ, ಬದಲಾವಣೆ ಇವನ್ನು ಹೆಚ್ಚುಕಡಿಮೆ ಕೇಳುವುದೇ ಇಲ್ಲ. ಕೇಳದ ಪ್ರಶ್ನೆಗೆ ಅಂಕ ಕಳೆಯುವುದು ಹೇಗೆ? 2005ರಲ್ಲಿ ಬಂದ ಮೋಕಾ ಪರೀಕ್ಷೆಯಲ್ಲಿ ಗಡಿಯಾರ ಬರೆಸುತ್ತಾರೆ. 'ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ' ಅನ್ನುತ್ತಾರೆ. ದೊಡ್ಡ ಮುಳ್ಳು 2ರ ಮೇಲೆ ಬರಬೇಕು. ಆದರೆ 'ಹತ್ತು' ಅಂತ ಕಿವಿಗೆ ಬಿದ್ದಿದೆ, ಕಣ್ಣೆದುರಿಗೆ 10 ಇದೆ. ಅದನ್ನು ತಡೆಯುವ ಶಕ್ತಿ ಸೋತವರ ಕೈ ನೇರ 10ಕ್ಕೇ ಹೋಗುತ್ತದೆ. ಗಡಿಯಾರ ನೋಡಲು ಬರುವುದಿಲ್ಲ ಅಂತಲ್ಲ, ಗೋಡೆಯ ಗಡಿಯಾರ ನೋಡಿ ಸಮಯ ಸರಿಯಾಗಿಯೇ ಹೇಳಿಯಾರು. ಇನ್ನೊಂದು ಪರೀಕ್ಷೆಯಲ್ಲಿ ಒಂದು ನಿಮಿಷದಲ್ಲಿ 'ಕ' ಅಕ್ಷರದಿಂದ ಶುರುವಾಗುವ ಪದ ಹೇಳಿಸುತ್ತೇವೆ, ಜನರ ಹೆಸರು, ಊರಿನ ಹೆಸರು ಬೇಡ ಅಂತ ಮೊದಲೇ ಹೇಳಿ. 'ಕಾಗೆ, ಕತ್ತರಿ, ಕಮಲಮ್ಮ' ಅಂದು ನಿಂತುಬಿಡುತ್ತಾರೆ. ಶಾಲೆಗೆ ಹೋಗದವರಿಗೆ ಇವೆಲ್ಲ ಹೊಂದುವುದಿಲ್ಲ. ಅವರಿಗೆ ಬೇರೆ ಪರೀಕ್ಷೆಗಳಿವೆ. ದಯವಿಟ್ಟು ಇದನ್ನು ಓದಿ ಮನೆಯಲ್ಲಿ ಗಡಿಯಾರ ಬರೆಸಲು ಕೂರಬೇಡಿ. ಅಮ್ಮ ಪರೀಕ್ಷೆಗೆ ಕೂತ ಮಗುವಲ್ಲ.

ಓಟಿಪಿ ಹೇಳಿದ್ದು ಒಂದೇ ಆಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಓದಿ ಬರೆದವರೂ ಮೋಸ ಹೋಗುತ್ತಾರೆ. ಇಲ್ಲಿ ಅಡುಗೆ, ಸ್ನಾನ, ದುಡ್ಡು ಮೂರೂ ಒಂದೇ ವರ್ಷದಲ್ಲಿ ಕೆಟ್ಟಿವೆ. ಅದು ಬೇರೆ ಮಾತು.

ಈಗ ಮಾಡಬೇಕಾದದ್ದು. ನರರೋಗ ತಜ್ಞರ ಹತ್ತಿರ ಹೋಗಿ, 'ಎಕ್ಸಿಕ್ಯುಟಿವ್ ಫಂಕ್ಷನ್ ಪರೀಕ್ಷೆ ಬೇಕು' ಅಂತ ಬಾಯಿಬಿಟ್ಟು ಕೇಳಿ. ಎಂಆರ್‌ಐ, ಥೈರಾಯ್ಡ್, ಬಿ12 ಬೇಕೇ ಬೇಕು. ಅಮ್ಮ ಶುಗರಿಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಅದು ವರ್ಷಗಳ ಮೇಲೆ ಬಿ12 ಇಳಿಸುತ್ತದೆ. ಜೊತೆಗೆ ಸಸ್ಯಾಹಾರಿಯಾದರೆ ಕೇಳುವುದೇ ಬೇಡ. ಮನಸ್ಸಿನ ಖಿನ್ನತೆಯೂ ಹೀಗೇ ಕೂರಿಸಿಬಿಡುತ್ತದೆ, ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ, ಅದನ್ನೂ ನೋಡಿಸಿ. ಮಾತ್ರೆ ಡಬ್ಬಿ ಪೂರ್ತಿ ತೆಗೆದುಕೊಂಡು ಹೋಗಿ. ನಿದ್ದೆ ಮಾತ್ರೆ, ಹಳೆಯ ತರಹದ ಅಲರ್ಜಿ ಮಾತ್ರೆ, ಮೂತ್ರ ತಡೆಯುವ ಕೆಲವು ಮಾತ್ರೆಗಳು ಈ ವಯಸ್ಸಿನ ತಲೆಯನ್ನು ಮಂಕು ಮಾಡುತ್ತವೆ. ನೀವಾಗಿಯೇ ನಿಲ್ಲಿಸಬೇಡಿ, ಕೇಳಿ.

ಬಿಪಿ ವಿಷಯದಲ್ಲಿ ನಾನು ಹಟಮಾರಿ. ಮೇಲಿನ ಬಿಪಿಯನ್ನು 120ರ ಕೆಳಗೆ ಇಳಿಸಿದವರಲ್ಲಿ, 140ರ ಕೆಳಗೆ ಇಟ್ಟವರಿಗಿಂತ, ಡಿಮೆನ್ಷಿಯಾಗೆ ಮೊದಲಿನ ಹಂತದ ತೊಂದರೆ ಕಡಿಮೆ ಕಂಡಿತು ಅಂತ 2019ರಲ್ಲಿ ಬಂದ ಅಮೆರಿಕದ ಸ್ಪ್ರಿಂಟ್ ಮೈಂಡ್ ಅಧ್ಯಯನ ಹೇಳಿತು. ಡಿಮೆನ್ಷಿಯಾವೇ ಕಡಿಮೆಯಾಯಿತು ಅಂತ ಖಚಿತವಾಗಿ ಹೇಳಲು ಆಗಲಿಲ್ಲ. ಶುಗರ್ ಇದ್ದವರನ್ನು ಅದರಲ್ಲಿ ಸೇರಿಸಿಕೊಂಡೂ ಇರಲಿಲ್ಲ. ಹಾಗಾಗಿ ಅಮ್ಮನ ಗುರಿ ಎಷ್ಟು ಅನ್ನುವುದನ್ನು ಅವರ ಡಾಕ್ಟರು ಹೇಳಲಿ. 'ಇವತ್ತು ಚೆನ್ನಾಗಿದ್ದೇನೆ' ಅಂತ ಮಾತ್ರೆ ಬಿಡುವ ಚಾಳಿ ಮಾತ್ರ ನಿಲ್ಲಬೇಕು.

ಮನೆಯಲ್ಲಿ: 'ಸ್ನಾನ ಮಾಡಿ' ಅನ್ನುವುದು ಒಂದು ಕೆಲಸವಲ್ಲ, ಹತ್ತು ಕೆಲಸ. 'ಏಳಿ ಅಮ್ಮ.' ಎದ್ದ ಮೇಲೆ, 'ಬನ್ನಿ, ನೀರು ಕಾದಿದೆ.' ಬಚ್ಚಲಿಗೆ ಬಂದ ಮೇಲೆ ಚೊಂಬು ಕೈಗೆ ಕೊಡಿ. ಕೈಗೆ ಬಂದರೆ ಮುಂದಿನದು ತಾನಾಗಿ ನಡೆಯುತ್ತದೆ, ಆ ಅಭ್ಯಾಸ ಇನ್ನೂ ಇದೆ. ಅಡುಗೆಮನೆಯಿಂದ ಆಚೆ ಕಳಿಸಬೇಡಿ. ಸಾಲು ನೀವು ಹೇಳಿ, ಕೈ ಅವರದಾಗಲಿ. ಅವರೇಕಾಯಿ ಸುಲಿಯಲಿ, ಸೊಪ್ಪು ಬಿಡಿಸಲಿ, ಹುಣಸೆಹಣ್ಣು ಕಿವುಚಲಿ. ಒಲೆ ಹತ್ತಿರ ಒಬ್ಬರನ್ನೇ ಬಿಡಬೇಡಿ, ನೀವು ಆಚೆ ಹೋಗುವಾಗ ಸಿಲಿಂಡರಿನ ರೆಗ್ಯುಲೇಟರ್ ಆರಿಸಿ. 'ಅಷ್ಟೂ ಗೊತ್ತಾಗಲ್ವಾ' ಅನ್ನುವ ಮಾತು ಮನೆಯಲ್ಲಿ ಬಂದ್ ಆಗಲಿ. ಗೊತ್ತಾಗುತ್ತದೆ, ಅದೇ ಅವರ ಸಂಕಟ.

ದುಡ್ಡಿನ ವಿಷಯ ಇನ್ನೂ ಅರ್ಜೆಂಟ್. ಆನ್‌ಲೈನ್ ಮೋಸವಾದ ತಕ್ಷಣ 1930ಕ್ಕೆ ಫೋನ್ ಮಾಡಬೇಕು, ತಡವಾದಷ್ಟೂ ದುಡ್ಡು ದೂರ ಹೋಗುತ್ತದೆ. ಯುಪಿಐ ಮಿತಿ ಇಳಿಸಿ. 'ಪವರ್ ಆಫ್ ಅಟಾರ್ನಿ ಮಾಡಿಸಿಟ್ಟರೆ ಮುಂದೆ ನೋಡ್ಕೋಬಹುದು' ಅಂತ ತುಂಬಾ ಜನ ನಂಬಿದ್ದಾರೆ. ನಮ್ಮ ಕಾನೂನಿನಲ್ಲಿ ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ಹೋದರೆ ಆ ಪತ್ರವೂ ಬಿದ್ದುಹೋಗುತ್ತದೆ. ಆಮೇಲೆ ಪೋಷಕರಾಗಿ ನೇಮಿಸಿ ಅಂತ ಹೈಕೋರ್ಟ್ ಮೆಟ್ಟಿಲು ಹತ್ತಬೇಕಾದೀತು. ಜಂಟಿ ಖಾತೆ, ನಾಮಿನಿ, ವಿಲ್, ಏನಿದ್ದರೂ ಅಮ್ಮನಿಗೆ ಅರ್ಥವಾಗುತ್ತಿರುವಾಗಲೇ, ಅವರನ್ನು ಕೇಳಿಯೇ ಮಾಡಿ. ಅವರಿಗೆ ಗೊತ್ತಿಲ್ಲದಂತೆ ಬೇಡ.

ಪ್ರಶ್ನೆ: ನಮ್ಮೆಜಮಾನರಿಗೆ 58, ಹೈಸ್ಕೂಲ್ ಮೇಷ್ಟ್ರು. ಮರೆವು ಇಲ್ಲ. ಸಾವಿನ ಮನೆಯಲ್ಲಿ ನಗುತ್ತಾರೆ, ಪಕ್ಕದವರ ಎಲೆಯಿಂದ ಸಿಹಿ ಎತ್ತಿ ತಿನ್ನುತ್ತಾರೆ. ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದ್ದೇವೆ. – ತುಮಕೂರು

ಉತ್ತರ: ತಾಯತಕ್ಕೆ ಕೊಟ್ಟ ದುಡ್ಡು ಹೋಯಿತು ಅಂದುಕೊಳ್ಳಿ, ಕಾಲ ಕಳೆಯಬೇಡಿ. 45ರಿಂದ 65ರ ನಡುವೆ ಸ್ವಭಾವವೇ ಬದಲಾದರೆ, ಅದರಲ್ಲೂ ನಾಚಿಕೆ ಹೋಗಿ ಸಿಹಿ ಹುಚ್ಚು ಹತ್ತಿದರೆ, ಫ್ರಂಟೋಟೆಂಪೊರಲ್ ಡಿಮೆನ್ಷಿಯಾ ಇದೆಯಾ ಅಂತ ನೋಡಲೇಬೇಕು. ಇಲ್ಲಿ ಹಣೆಯ ಹಿಂದಿನ ಭಾಗವೇ ಸವೆಯುತ್ತದೆ, 'ಬೇಡ' ಅನ್ನುವ ತಡೆ ಹೋಗುತ್ತದೆ. ಪ್ರಾಗ್ ನಗರದ ಆರ್ನಾಲ್ಡ್ ಪಿಕ್ 1892ರಲ್ಲೇ ಇಂಥ ರೋಗಿಯ ಬಗ್ಗೆ ಬರೆದಿದ್ದಾರೆ. ಕೆಲವರು ಮೇಜಿನ ಮೇಲೆ ಕನ್ನಡಕ ಕಂಡರೆ ಸಾಕು, ತಾವು ಹಾಕಿಕೊಂಡಿರುವ ಕನ್ನಡಕದ ಮೇಲೇ ಅದನ್ನೂ ಹಾಕಿಕೊಳ್ಳುತ್ತಾರೆ. ಕಂಡಿದ್ದನ್ನು ಕೈ ಬಿಡುವುದಿಲ್ಲ. ಆಲ್ಝೈಮರಿಗೆ ಕೊಡುವ ಡೊನೆಪೆಜಿಲ್ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ, ಕೆಲವರಿಗೆ ರಂಪ ಜಾಸ್ತಿ ಮಾಡುತ್ತದೆ. ಅಂಗಡಿಯಿಂದ ತಂದು ಕೊಡಬೇಡಿ. ಹತ್ತಿರದಲ್ಲಿ ತಜ್ಞರಿಲ್ಲದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಬನ್ನಿ. ಶಾಲೆಯಲ್ಲಿ ದುಡ್ಡಿನ ಜವಾಬ್ದಾರಿ ಇದ್ದರೆ ಈ ವಾರವೇ ಬಿಡಿಸಿ.

ಪ್ರಶ್ನೆ: ಒಂದೆಲಗ ತಿಂದರೆ ಡಿಮೆನ್ಷಿಯಾ ವಾಸಿಯಾಗುತ್ತಾ? – ಸಾಗರ

ಉತ್ತರ: ತಂಬುಳಿ ಮಾಡಿ, ಅನ್ನಕ್ಕೆ ಚೆನ್ನಾಗಿರುತ್ತದೆ. ವಾಸಿಯಾಗುವುದಿಲ್ಲ.

ಪ್ರಶ್ನೆ: ಸ್ಟೆಮ್ ಸೆಲ್ ಚಿಕಿತ್ಸೆಗೆ ಲಕ್ಷಗಟ್ಟಲೆ ಕೇಳುತ್ತಿದ್ದಾರೆ, ಗ್ಯಾರಂಟಿ ಅಂತಾರೆ. – ಹುಬ್ಬಳ್ಳಿ

ಉತ್ತರ: ಡಿಮೆನ್ಷಿಯಾಗೆ ಗ್ಯಾರಂಟಿ ಕೊಡುವವರ ಹತ್ತಿರ ಕೂರಲೂಬೇಡಿ, ಎದ್ದು ಬನ್ನಿ. ಆ ದುಡ್ಡಿನಲ್ಲಿ ಮನೆಗೆ ಒಬ್ಬ ಒಳ್ಳೆಯ ಆರೈಕೆಯವರನ್ನು ಇಟ್ಟುಕೊಳ್ಳಿ.

ಪ್ರಶ್ನೆ: ದಿನಾ ಸುಡೊಕು ಆಡಿದರೆ ತಡೆಯಬಹುದಾ? – ಮೈಸೂರು

ಉತ್ತರ: ದಿನಾ ಆಡಿದರೆ ಸುಡೊಕು ಚೆನ್ನಾಗಿ ಬರುತ್ತದೆ, ಅಷ್ಟೇ. ಕಿವಿ ಕೇಳದಿದ್ದರೆ ಮಷಿನ್ ಹಾಕಿಸಿ, ನಡೆಯಿರಿ, ಬಿಪಿ ನೋಡಿಕೊಳ್ಳಿ, ಜನರ ಜೊತೆ ಬೆರೆಯಿರಿ. ಇದರಿಂದ ಲಾಭ ಜಾಸ್ತಿ.

ಪ್ರಶ್ನೆ: ನನಗೆ 29, ಐಟಿ ಕೆಲಸ. ರೂಮಿಗೆ ಯಾಕೆ ಬಂದೆ ಅಂತ ಮರೆತುಹೋಗುತ್ತದೆ. ಡಿಮೆನ್ಷಿಯಾ ಇರಬಹುದಾ? – ಬೆಂಗಳೂರು

ಉತ್ತರ: ಇಲ್ಲ. ರಾತ್ರಿ ನಿದ್ದೆ ಮಾಡಿ.

ಪ್ರಶ್ನೆ: ಮನೆಯಲ್ಲಿ ತುಳು, ಹೊರಗೆ ಕನ್ನಡ. ಎರಡೆರಡು ಭಾಷೆ ಆಡಿದರೆ ವಯಸ್ಸಾದವರ ತಲೆಗೆ ಭಾರ ಅಲ್ವಾ? – ಪುತ್ತೂರು

ಉತ್ತರ: ಉಲ್ಟಾ. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಒಂದೇ ಭಾಷೆ ಆಡುವವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಡಿಮೆನ್ಷಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಶಾಲೆಯ ಮುಖ ನೋಡದವರಲ್ಲೂ ಹಾಗೇ. ಅತ್ತೆ ಹತ್ತಿರ ತುಳು ಆಡುವಾಗ ಕನ್ನಡವನ್ನು ತಡೆಯಬೇಕು, ಬಸ್ ಕಂಡಕ್ಟರ್ ಬಂದರೆ ಥಟ್ಟನೆ ಬದಲಿಸಬೇಕು. ಮೇಲೆ ಹೇಳಿದ ತಡೆ, ಬದಲಾವಣೆಗಳಿಗೆ ದಿನವಿಡೀ ಸಾಧನೆ ಆಗುತ್ತದೆ ಅನ್ನುವುದು ಒಂದು ವಿವರಣೆ. ತಡವಾಗುತ್ತದೆ ಅಂದೆ, ಬರುವುದೇ ಇಲ್ಲ ಅನ್ನಲಿಲ್ಲ.

ಪ್ರಶ್ನೆ: ಅಪ್ಪನಿಗೆ ಡಿಮೆನ್ಷಿಯಾ ಇದೆ ಅಂದಿದ್ದಾರೆ, ಆದರೆ ದಾರಿ ಎಲ್ಲ ನೆನಪಿದೆ. ಕಾರು ಓಡಿಸಬಹುದಾ? – ಶಿವಮೊಗ್ಗ

ಉತ್ತರ: ಬೇಡ. ದಾರಿ ನೆನಪಿದ್ದರೆ ಸಾಲದು. ಎದುರಿಗೆ ಎಮ್ಮೆ ಅಡ್ಡ ಬಂದಾಗ ಹಾರ್ನ್ ಹೊಡೆಯುವುದೋ, ಬ್ರೇಕ್ ಹಾಕುವುದೋ ಅಂತ ಆ ಕ್ಷಣದಲ್ಲೇ ತೀರ್ಮಾನವಾಗಬೇಕು. ಅವರು ಒಪ್ಪದಿದ್ದರೆ ಡಾಕ್ಟರು ಬೇಡ ಅಂದಿದ್ದಾರೆ ಅಂತ ನನ್ನ ಮೇಲೆ ಹಾಕಿ. ಬೈಸಿಕೊಳ್ಳುವುದು ನನಗೆ ಅಭ್ಯಾಸ.